ಸಮಸ್ಯೆ: ‘ಹೆಸರ ಬಚ್ಚಿಟ್ಟವನೆ ಹೆಸರುವಾಸಿ’

ಗಣಗಾವಲು (ಮಾಟುಂಗ)

ಈ ವಾರದ ಸಮಸ್ಯೆ, ಅಂದರೆ ನೀವು ಪದ್ಯ ಕಟ್ಟಿ ತುಂಬಬೇಕಾದ ಕೊನೆಯ ಸಾಲು:

*ಹೆಸರ ಬಚ್ಚಿಟ್ಟವನೆ ಹೆಸರುವಾಸಿ*

ಛಂದಸ್ಸು ಪಂಚಮಾತ್ರಾ ಚೌಪದಿ. ಒಂದನೆಯ ಮತ್ತು ಮೂರನೆಯ ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ. ಎರಡನೆಯದಕ್ಕೂ ಕೊನೆಯದಕ್ಕೂ ಮೂರು ಗಣ, ಮೇಲೊಂದು ಅಕ್ಷರ. ಕೊನೆಯ ಸಾಲು ನನ್ನದು, ಉಳಿದ ಮೂರು ನಿಮ್ಮವು. ಎರಡನೆಯ ಅಕ್ಷರದ ಪ್ರಾಸ ಕಡ್ಡಾಯ: ಅಲ್ಲಿ ಸಕಾರವಿರಬೇಕು, ಅದರ ಹಿಂದೆ ಲಘುವಿರಬೇಕು. ಹೊಸ, ಬಿಸಿ, ಮುಸುಕು ನಡೆಯುತ್ತವೆ. ಮಾಸ, ಮೋಸ ನಡೆಯುವುದಿಲ್ಲ. ಸಮಸ್ಯೆಯ ಒಂದಕ್ಷರವನ್ನೂ ಬದಲಿಸುವಂತಿಲ್ಲ, ಆದರೆ ಬೇಕಾದಲ್ಲಿ ಒಡೆದು ಓದಿಕೊಳ್ಳಬಹುದು.

ಈ ಸಲ ಇನ್ನೊಂದು ಷರತ್ತಿದೆ. ಪದ್ಯದ ಜೊತೆಗೆ ನಮ್ಮ ಈ ಜಾಲತಾಣದ ಕೂಟದಲ್ಲಿ ನೀವು ನಿಜನಾಮದ ಬದಲು ಇಟ್ಟುಕೊಂಡಿರುವ ಹೆಸರಿನ ಕಥೆಯನ್ನೂ ಹೇಳಬೇಕು. ಒಬ್ಬರ ಮಾತ್ರೆಯನ್ನು ಇನ್ನೊಬ್ಬರು ಎಣಿಸಿ ಜಗಳವಾಡುವಷ್ಟು ಸಲುಗೆ ಬೆಳೆದಿದ್ದರೂ ಈ ಹೆಸರುಗಳು ಎಲ್ಲಿಂದ ಬಂದವೆಂದು ಯಾರೂ ಯಾರನ್ನೂ ಕೇಳಿಲ್ಲ. ನನ್ನದು ನಾನಿಟ್ಟುಕೊಂಡದ್ದಲ್ಲ. ಗಣ ತಪ್ಪಿದ ಪದ್ಯವನ್ನು ಒಳಗೆ ಬಿಡುವುದಿಲ್ಲವೆಂದು ಸಿಟ್ಟಾದ ಸ್ನೇಹಿತರೊಬ್ಬರು ಬೈದ ಬೈಗುಳ ಅದು. ಹಿತವಾಗಿತ್ತು, ಇಟ್ಟುಕೊಂಡೆ.

ನಾಲ್ಕನೆಯ ಸೀಟು (ಡೊಂಬಿವಲಿ)

ಗುರುಗಳೇ, ಬೋಣಿ ನನ್ನದೇ ಆಗಲಿ.

*ನಸುಕಿನಲಿ ಲೋಕಲಿಗೆ ಜಿಗಿದವನ ಕೇಳುವರೆ?*
*ಕುಸಿದು ಕುಳಿತವಗೊಂದೆ ಗೇಣು ಜಾಗ;*
*ಬಿಸುಸುಯ್ದು ‘ನಾಲ್ಕನೇ ಸೀಟೆ’ನಲು ಸರಿವರೈ,*
*ಹೆಸರ ಬಚ್ಚಿಟ್ಟವನೆ ಹೆಸರುವಾಸಿ*

ಕಥೆ ಪದ್ಯದಲ್ಲೇ ಇದೆ. ಲೋಕಲ್ ರೈಲಿನಲ್ಲಿ ಮೂವರಿಗೆಂದು ಮಾಡಿದ ಬೆಂಚಿನ ತುದಿಯಲ್ಲಿ ನಾಲ್ಕನೆಯವನೊಬ್ಬ ಅರ್ಧ ಕೂತು, ಅರ್ಧ ನಿಂತು ಪ್ರಯಾಣ ಮಾಡುತ್ತಾನೆ. ಅದು ಯಾವ ನಿಯಮದಲ್ಲೂ ಇಲ್ಲ. ಆದರೂ ಅವನು ಬಂದು ನಿಂತರೆ ಮೂವರೂ ಮಾತಿಲ್ಲದೆ ಒಂದಿಷ್ಟು ಸರಿಯುತ್ತಾರೆ. ಯಾರ ಮಗ, ಯಾವ ಜಾತಿ, ಯಾವ ಭಾಷೆ ಎಂದು ಕೇಳುವವರಿಲ್ಲ. ನನ್ನ ಊರಿನಲ್ಲಿ ಬಸ್ ಹತ್ತಿದರೆ ಕುಳಿತುಕೊಳ್ಳುವ ಮೊದಲೇ ಅಜ್ಜನ ಹೆಸರು ಹೇಳಬೇಕಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಖಾತೆ ತೆರೆಯುವಾಗ ನನ್ನ ನಿಜವಾದ ಹೆಸರನ್ನೇ ಕೊಟ್ಟಿದ್ದೆ. ‘ಈ ಹೆಸರು ಈಗಾಗಲೇ ಬಳಕೆಯಲ್ಲಿದೆ’ ಎಂದು ಯಂತ್ರ ತಿರಸ್ಕರಿಸಿತು. ಬೇಕಾದರೆ ಕೊನೆಯಲ್ಲಿ ನಾಲ್ಕಂಕಿ ಸೇರಿಸಿಕೊಡುತ್ತೇನೆ ಎಂದಿತು. ಕೈದಿಯ ಸಂಖ್ಯೆಯಂತಿದ್ದ ಆ ಬಾಲ ಬೇಡವೆನಿಸಿತು.

ಗಣಗಾವಲು

‘ಲೋಕಲಿಗೆ’ ಎಂಬಲ್ಲಿ ಒತ್ತು ಕಳೆದಿದ್ದೀರಿ. ಜನ ‘ಲೋಕಲ್ಲಿಗೆ’ ಎನ್ನುತ್ತಾರೆ. ಆದರೆ ಆ ಒತ್ತಿನಿಂದ ಒಂದು ಮಾತ್ರೆ ಹೆಚ್ಚುತ್ತದೆ. ಬಿಟ್ಟೆ. ಎರಡನೆಯ ಸಾಲು ಬಹಳ ಚೆನ್ನಾಗಿದೆ.

ಸಾಸವಡದ ಅಂಜೂರ (ಪುಣೆ)

ಸಾಸವಡ ಇರುವ ನಮ್ಮ ಪುರಂದರ ತಾಲ್ಲೂಕಿನಲ್ಲಿ ಅಂಜೂರ ಬಿಟ್ಟಾಗಲೆಲ್ಲ ಪುಣೆಯ ಕಚೇರಿಯವರಿಗೆ ನನ್ನ ನೆನಪಾಗುತ್ತದೆ, ಉಳಿದ ಕಾಲದಲ್ಲಿ ಆಗುವುದಿಲ್ಲ. ಆದ್ದರಿಂದ ಈ ಹೆಸರು. ಕಥೆ ಇಷ್ಟೇ; ಪದ್ಯಕ್ಕೆ ಬರುತ್ತೇನೆ.

*ಕಸವೆಂದು ಸಿರಿಯೊಗೆದು ತಂಬೂರಿ ಹಿಡಿದವನು*
*ಹೊಸೆದ ಹಾಡಿಗೆ ವಿಠಲ ಸಹಿ ಹಾಕಿದ;*
*ನಸುನಗುತ ಶ್ರೀನಿವಾಸನು ಮರೆಗೆ ಸರಿದನೈ,*
*ಹೆಸರ ಬಚ್ಚಿಟ್ಟವನೆ ಹೆಸರುವಾಸಿ*

ಪುರಂದರದಾಸರು ಶ್ರೀನಿವಾಸ ನಾಯಕರಾಗಿ ನಮ್ಮ ಪುರಂದರಗಡದಲ್ಲಿ ವ್ಯಾಪಾರ ಮಾಡುತ್ತಿದ್ದರು ಎಂಬುದು ಇಲ್ಲಿನ ಹಳೆಯ ನಂಬಿಕೆ. ತೀರ್ಥಹಳ್ಳಿಯ ಕಡೆಯವರು ಎಂಬ ವಾದವೂ ಇದೆ. ಆ ಜಗಳಕ್ಕೆ ನಾನು ಬರುವುದಿಲ್ಲ. ನನಗೆ ಬೇಕಾದದ್ದು ಅಂಕಿತದ ವಿಷಯ. ಬಸವಣ್ಣನವರ ವಚನದ ಕೊನೆಯಲ್ಲಿ ಕೂಡಲಸಂಗಮದೇವ, ಅಲ್ಲಮನದರಲ್ಲಿ ಗುಹೇಶ್ವರ, ಅಕ್ಕನದರಲ್ಲಿ ಚೆನ್ನಮಲ್ಲಿಕಾರ್ಜುನ, ದಾಸರ ಪದದಲ್ಲಿ ಪುರಂದರವಿಠಲ. ಬರೆದವರು ಒಬ್ಬರು, ಸಹಿ ಇನ್ನೊಬ್ಬರದು. ಆದರೂ ಆ ಸಹಿ ಕಂಡ ಕೂಡಲೇ ಬರೆದವರು ಯಾರೆಂದು ಹಳ್ಳಿಯ ಮುದುಕಿಯೂ ಹೇಳುತ್ತಾಳೆ. ನಮ್ಮ ಈ ಹೆಸರುಗಳಿಗೆ ಎಂಟು ಶತಮಾನಕ್ಕಿಂತ ಹಿಂದಿನ ವಂಶಾವಳಿ ಇದೆ.

ಗಣಗಾವಲು

‘ನಸುನಗುತ ಶ್ರೀ’ ಎಂಬಲ್ಲಿ ಮುಂದೆ ಒತ್ತಕ್ಷರವಿದೆ, ತಕಾರ ಗುರುವಾಗಬೇಕಲ್ಲವೇ?

ಸಾಸವಡದ ಅಂಜೂರ

ಅದು ಬೇರೆ ಪದ, ಸ್ವಾಮಿ. ಸಮಾಸವಾಗಿದ್ದರೆ ನಿಮ್ಮ ಮಾತು ಸರಿ. ‘ನಗುತ’ ಎಂದು ನಿಲ್ಲಿಸಿ, ಉಸಿರು ತೆಗೆದುಕೊಂಡು ‘ಶ್ರೀ’ ಎನ್ನಿ.

ಗಣಗಾವಲು

ಒಪ್ಪಿದೆ.

ಮಹದಾಯಿ (ಪಣಜಿ)

ನನ್ನದೊಂದು ತಕರಾರು. ‘ಬಚ್ಚಿಟ್ಟವನೆ’ ಏಕೆ? ‘ಬಚ್ಚಿಟ್ಟವಳೆ’ ಎಂದರೂ ಮಾತ್ರೆ ಅಷ್ಟೇ. ಹೆಸರನ್ನು ಬಚ್ಚಿಟ್ಟು ಬರೆಯಬೇಕಾದ ಪ್ರಮೇಯ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು ಬಂದಿದೆ. ಒಂದಕ್ಷರ ಬದಲಿಸಲು ಅಪ್ಪಣೆ ಕೊಡಿ.

ನಾಲ್ಕನೆಯ ಸೀಟು

ಅಕ್ಕ ಹೇಳುವುದು ನ್ಯಾಯ. ನನ್ನದೊಂದು ಮತ.

ಗಣಗಾವಲು

ನ್ಯಾಯವೇ, ಆದರೂ ಅಪ್ಪಣೆ ಇಲ್ಲ. ಅವಧಾನದಲ್ಲಿ, ಅಂದರೆ ಸಭೆಯಲ್ಲಿ ನಿಂತಲ್ಲೇ ಪದ್ಯ ಕಟ್ಟುವ ಆಟದಲ್ಲಿ, ಸವಾಲು ಹಾಕುವ ಪೃಚ್ಛಕ ಕೊಟ್ಟ ಸಾಲು ಗಂಟು ಹಾಕಿದ ಹಗ್ಗ. ಬಿಚ್ಚಬೇಕು, ಕತ್ತರಿಸಬಾರದು. ‘ವನೆ’ಯನ್ನು ಹಾಗೆಯೇ ಇಟ್ಟುಕೊಂಡು ನಿಮ್ಮ ಮಾತನ್ನು ಹೇಳಿ, ತಾಯಿ.

ರಾತ್ರಿಶಾಲೆ (ಬೊರಿವಲಿ)

ಅಷ್ಟರಲ್ಲಿ ನಾನೊಂದು ಹಾಕುತ್ತೇನೆ.

*ಹೊಸಕವಿಯ ಬರಹವನು ಹಳೆಯೋಲೆಯೆಂದೆನುತ*
*ಹುಸಿನುಡಿದು ಕಳಿಸಿದನು ಮೈಸೂರಿಗೆ;*
*ಮುಸುಕು ಸರಿವಾಗ ಕವಿ ಬದುಕಿಲ್ಲ, ನೋಡಣ್ಣ!*
*ಹೆಸರ ಬಚ್ಚಿಟ್ಟವನೆ ಹೆಸರುವಾಸಿ*

ಯಾರೆಂದು ಹೇಳಬೇಕಾಗಿಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ. ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ವ್ಯಾಯಾಮ ಹೇಳಿಕೊಡುತ್ತಿದ್ದವನು. ತಾನೇ ಬರೆದ ಶ್ರೀರಾಮಾಶ್ವಮೇಧವನ್ನು ಯಾವನೋ ಹಳೆಯ ಕವಿಯದೆಂದು ಹೇಳಿ ಮೈಸೂರಿನ ಪತ್ರಿಕೆಗೆ ಕಳಿಸಿದ. ವಿದ್ವಾಂಸರು ಹಳತೆಂದು ನಂಬಿ ಅಚ್ಚುಹಾಕಿದರು. 1901ರಲ್ಲಿ ಮೂವತ್ತೊಂದರ ವಯಸ್ಸಿಗೇ ತೀರಿಹೋದ. ಈಗಿನವರು ಬೇರೆಯವರ ಪದ್ಯಕ್ಕೆ ತಮ್ಮ ಹೆಸರು ಹಾಕಿ ಹಂಚುತ್ತಾರೆ. ಅವನು ತನ್ನದಕ್ಕೇ ಬೇರೆಯವನ ಹೆಸರು ಹಾಕಿದ.

ನನಗೆ ಅವನ ಪರಿಚಯವಾದದ್ದು ಮುಂಬಯಿಯ ಫೋರ್ಟ್ ಭಾಗದ ಕನ್ನಡ ರಾತ್ರಿಶಾಲೆಯಲ್ಲಿ. ಹಗಲು ಹೋಟೆಲಿನಲ್ಲಿ ಲೋಟ ತೊಳೆಯುವುದು, ರಾತ್ರಿ ಪಾಠ. ಊರಿನವರಾದ ಮಾಲೀಕರಿಗೆ ನಾನು ‘ಮಾಣಿ’. ಗಿರಾಕಿಗಳಿಗೆ ‘ಅಣ್ಣಾ’: ಮೀಸೆ ಮೂಡದ ಹುಡುಗನನ್ನು ನರೆಗೂದಲಿನವರು ‘ಅಣ್ಣಾ’ ಎಂದು ಕರೆಯುವುದು ಮುಂಬಯಿಯಲ್ಲಿ ಮಾತ್ರ ಸಾಧ್ಯ. ಅಪ್ಪ ಇಟ್ಟ ಹೆಸರನ್ನು ದಿನಕ್ಕೊಮ್ಮೆ ಕೇಳುತ್ತಿದ್ದದ್ದು ರಾತ್ರಿಶಾಲೆಯ ಹಾಜರಿಯಲ್ಲಿ. ‘ಹಾಜರ್ ಸಾರ್’ ಎನ್ನುವಾಗ, ನಿದ್ದೆ ಎಷ್ಟೇ ಇದ್ದರೂ, ಗಂಟಲು ತುಂಬಿ ಬರುತ್ತಿತ್ತು. ಆ ಶಾಲೆಯ ಹೆಸರನ್ನೇ ಇಟ್ಟುಕೊಂಡಿದ್ದೇನೆ. ಮೊಮ್ಮಗಳು ಖಾತೆ ತೆರೆದುಕೊಟ್ಟಳು, ಹೆಸರು ಕೇಳಿ ನಕ್ಕಳು.

ಸಾಸವಡದ ಅಂಜೂರ

ಹಿರಿಯರೇ, ಮುದ್ದಣನಿಗೆ ‘ಹುಸಿನುಡಿದು’ ಎಂದದ್ದು ಕೊಂಚ ಕಠಿಣವಾಯಿತು.

ರಾತ್ರಿಶಾಲೆ

ಹೇಳಿದ್ದು ಸುಳ್ಳೇ ತಾನೆ? ಅಂಥ ಸುಳ್ಳನ್ನು ಹೇಳಲು ಎಂಥ ಹಳೆಗನ್ನಡ ಬರಬೇಕು ನೋಡಿ.

ಮಹದಾಯಿ

ತಗೊಳ್ಳಿ. ಒಂದಕ್ಷರವನ್ನೂ ಮುಟ್ಟಿಲ್ಲ, ಒಡೆದಿದ್ದೇನೆ ಅಷ್ಟೇ.

*ಹಸಿರು ದೀಪವ ಹಚ್ಚಿ ‘ಹೇಗಿದ್ದಿ’ ಎಂಬವನೆ,*
*ಹುಸಿಮೊಗಕೆ ಕೆಂಗುಲಾಬಿಯ ಚಿತ್ರವೆ?*
*ಬೆಸಗೊಂಬೆ, ತಾಯಿಟ್ಟುದೊಂದಿಲ್ಲವೇ ನಿನಗೆ?*
*ಹೆಸರ ಬಚ್ಚಿಟ್ಟವನೆ, ಹೆಸರು ವಾಸಿ!*

ಇಲ್ಲಿ ಇರುವ ಹೆಂಗಸರಿಗೆ ವಿವರಿಸಬೇಕಾಗಿಲ್ಲ. ಗಂಡಸರಿಗಾಗಿ ಹೇಳುತ್ತೇನೆ: ಪದ್ಯ ಹಾಕಿದ ರಾತ್ರಿಯೇ ಗುಲಾಬಿ ಹೂವಿನ ಚಿತ್ರ ಹೊತ್ತ ಯಾವನೋ ಒಬ್ಬ ‘ಹೇಗಿದ್ದಿ’ ಎಂದು ಕಳುಹಿಸುತ್ತಾನೆ. ಪದ್ಯದ ಬಗ್ಗೆ ಒಂದು ಮಾತಿಲ್ಲ. ನೀವೆಲ್ಲ ಅಂಕಿತ, ವಿನಯ, ಮುದ್ದಣ ಎನ್ನುತ್ತಿದ್ದೀರಿ. ಮರೆಯಲ್ಲಿ ನಿಲ್ಲುವವರೆಲ್ಲ ಮುದ್ದಣರಲ್ಲ.

ನನ್ನ ಕಥೆ: ಮಹದಾಯಿ ನಮ್ಮ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುತ್ತಾಳೆ. ಗೋವೆಗೆ ಬಂದು ಮುಂದೆ ಹರಿದಂತೆ ಮಾಂಡವಿ ಎನ್ನುತ್ತಾರೆ, ಪಣಜಿಯಲ್ಲಿ ಸಮುದ್ರ ಸೇರುತ್ತಾಳೆ. ನಾನೂ ಅದೇ ದಾರಿಯಲ್ಲಿ ಮದುವೆಯಾಗಿ ಇಲ್ಲಿಗೆ ಬಂದವಳು. ಇಲ್ಲಿ ಗಂಡನ ಮನೆಯವರು ನನ್ನ ಹೆಸರನ್ನು ಬದಲಿಸಿ, ಹೊಸದನ್ನು ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಬರೆಸಿದರು. ಪ್ರೀತಿಯಿಂದಲೇ. ಬ್ಯಾಂಕಿನ ಪುಸ್ತಕದಲ್ಲಿ ಒಂದು, ತವರಿನಲ್ಲಿ ಒಂದು. ನದಿಯೂ ನಾನೂ ಏನನ್ನೂ ಬಚ್ಚಿಟ್ಟಿಲ್ಲ, ಗುರುಗಳೇ. ಬೇರೆಯವರು ಬದಲಿಸಿದರು. ಪದ್ಯ ಬರೆಯುವಾಗಲಾದರೂ ಗಡಿಯ ಆಚೆಯ ಹೆಸರಿರಲಿ ಎಂದುಕೊಂಡೆ.

ನಾಲ್ಕನೆಯ ಸೀಟು

ಹೆಸರುವಾಸಿಯನ್ನು ಒಡೆದು ಅವನನ್ನು ಸಂಬೋಧನೆ ಮಾಡಿಬಿಟ್ಟಿರಲ್ಲ ಅಕ್ಕಾ! ಎದ್ದು ನಿಂತಿದ್ದೇನೆ. ಸೀಟು ಹೋದರೂ ಚಿಂತೆಯಿಲ್ಲ.

ವಾಶಿವಾಸಿ (ನವಿ ಮುಂಬಯಿ)

ಒಡೆಯಬಹುದೆಂದ ಮೇಲೆ ನನ್ನದನ್ನೂ ನೋಡಿ. ಊರಿನವರಿಗೆಲ್ಲ ‘ಮುಂಬಯಿಯಲ್ಲಿ ಮನೆ ಮಾಡಿದ್ದೇನೆ’ ಎಂದು ಹೇಳಿಕೊಂಡು ಬಂದಿದ್ದೆ. ಮನೆ ಇರುವುದು ಖಾಡಿಯ, ಅಂದರೆ ಕಡಲ ಚಾಚಿನ, ಆಚೆಯ ವಾಶಿಯಲ್ಲಿ. ಸೋದರಮಾವ ಬಂದಿಳಿದ ದಿನ ನಿಲ್ದಾಣದ ಫಲಕವೇ ಗುಟ್ಟು ರಟ್ಟು ಮಾಡಿತು. ಅಂದಿನಿಂದ ಈ ಹೆಸರು.

*ಮಸಲತ್ತು ಮಾಡಿದೆಯ ‘ಮುಂಬಯಿಯ ಮನೆ’ಯೆಂದು?*
*ಬೆಸುಗೆ ಸೇತುವೆಯೊಂದೆ, ನಡುವೆ ಖಾಡಿ;*
*ನುಸುಳುವುದೆ ಸುಳ್ಳು? ನಿಲ್ದಾಣದಲಿ ಬರೆದಿಹುದು,*
*ಹೆಸರ ಬಚ್ಚಿಟ್ಟವನೆ, ಹೆಸರು ‘ವಾಶಿ’*

ಗಣಗಾವಲು

ಅಸಿಂಧು. ಸಮಸ್ಯೆಯಲ್ಲಿ ಇರುವುದು ಸಕಾರ, ನಿಮ್ಮ ಊರಿನಲ್ಲಿ ಇರುವುದು ಶಕಾರ.

ವಾಶಿವಾಸಿ

ನಮ್ಮ ಮಾವ ‘ವಾಸಿ’ ಎಂದೇ ಓದಿದರು. ಶಕಾರ ಅವರ ನಾಲಿಗೆಗೆ ಬರುವುದಿಲ್ಲ.

ಗಣಗಾವಲು

ಹಾಗಾದರೆ ಮಾವನೇ ಬಂದು ಪದ್ಯ ಹಾಕಲಿ. ನಗು ಬಂತು, ನಿಜ. ಅಂಕ ಮಾತ್ರ ಇಲ್ಲ.

ನನ್ನ ಪೂರಣವನ್ನೂ, ಅಂದರೆ ಸಮಸ್ಯೆ ತುಂಬಿದ ಪದ್ಯವನ್ನೂ, ಇಡುತ್ತೇನೆ. ಪುಣೆಯಲ್ಲಿ ಹುಟ್ಟಿದ ಮರಾಠಿ ಕವಿಯ ಬಗ್ಗೆ.

*ಹಸುಳೆ ತಂಗಿಯ ಹೆಸರ ಹೆಗಲಿನಲಿ ಹೊತ್ತವನು,*
*ಮಸಿಗೆ ಕುಸುಮದ ಕಂಪನಿತ್ತ ಕವಿಯು,*
*ಉಸುರದೆಯೆ ತನ್ನದನು ‘ಅಣ್ಣ’ನೆಂದಷ್ಟೆನುತ*
*ಹೆಸರ ಬಚ್ಚಿಟ್ಟವನೆ ಹೆಸರುವಾಸಿ*

ಕುಸುಮಾಗ್ರಜರು 1912ರಲ್ಲಿ ಹುಟ್ಟಿದಾಗ ಅವರ ಹೆಸರು ಗಜಾನನ. ದತ್ತು ಹೋದ ಮೇಲೆ ವಿಷ್ಣು ವಾಮನ ಶಿರವಾಡ್ಕರ್. ಎರಡನ್ನೂ ಬದಿಗಿಟ್ಟು ಕುಸುಮ ಎಂಬ ತಂಗಿಯ ಅಗ್ರಜ ಎಂದು ಕರೆದುಕೊಂಡರು. 1987ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂತು. ಅವರು ಹುಟ್ಟಿದ ಫೆಬ್ರವರಿ 27ರಂದೇ ಮಹಾರಾಷ್ಟ್ರದಲ್ಲಿ ಮರಾಠಿ ಭಾಷಾ ದಿನ ಆಚರಿಸುತ್ತಾರೆ, ಇಲ್ಲಿ ಓದುವ ನಮ್ಮ ಮಕ್ಕಳೂ ಅಂದು ಅವರ ಪದ್ಯ ಹೇಳುತ್ತಾರೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ನಮ್ಮ ಬೇಂದ್ರೆಯವರು ಮಾಡಿದ್ದೂ ಇದನ್ನೇ. ಅಂಬಿಕಾತನಯದತ್ತ ಎನ್ನುವಾಗ ಮೊದಲು ಬರುವುದು ತಾಯಿ, ಕೊನೆಗೆ ಮಗ. (ಅವರನ್ನು ಪದ್ಯಕ್ಕೆ ತರಬೇಕೆಂದಿದ್ದೆ, ಪ್ರಾಸದ ಜಾಗದಲ್ಲಿ ಕೂರಲು ಅಂಬಿಕೆ ಒಪ್ಪಲಿಲ್ಲ.)

ನೀವು ಹೇಳಿದ ಕಥೆಗಳನ್ನು ಓದಿದ ಮೇಲೆ ನನ್ನ ಸಮಸ್ಯೆಯಲ್ಲಿ ‘ಬಚ್ಚಿಟ್ಟ’ ಎಂಬ ಮಾತೇ ಸ್ವಲ್ಪ ಅನ್ಯಾಯದ್ದು ಎನಿಸುತ್ತಿದೆ. ಬೆಂಚಿನ ತುದಿ, ಅಂಜೂರದ ತೋಟ, ಶಾಲೆಯ ಹಾಜರಿ, ತವರಿನ ನದಿ. ತಮ್ಮನ್ನು ಬದಿಗಿಟ್ಟವರು ತಮ್ಮ ಜಾಗದಲ್ಲಿ ಯಾರನ್ನಾದರೂ, ಏನನ್ನಾದರೂ ಮುಂದಿಟ್ಟಿದ್ದಾರೆ. ಗುಲಾಬಿಯವನು ಮುಂದಿಟ್ಟದ್ದು ಏನೂ ಇಲ್ಲ. ಅವನನ್ನು ಇವರಿಂದ ಬೇರೆ ಮಾಡಿ ತೋರಿಸಿದ್ದು ಮಹದಾಯಿಯವರ ಪೂರಣ ಒಂದೇ. ಒಡೆದು ಓದಿದ ಜಾಣ್ಮೆಯೂ ಅವರದೇ. ಈ ವಾರದ ಗೆಲುವು ಅವರಿಗೆ.

ರಾತ್ರಿಶಾಲೆ

ನ್ಯಾಯವಾದ ತೀರ್ಪು.

ವಾಶಿವಾಸಿ

ಮೇಲ್ಮನವಿ ಸಲ್ಲಿಸುತ್ತೇನೆ.

ಮಹದಾಯಿ

ಧನ್ಯವಾದಗಳು. ಗೆದ್ದವರು ಮುಂದಿನ ಸಮಸ್ಯೆ ಕೊಡುವ ಪದ್ಧತಿಯಂತೆ, ಇದೇ ಛಂದಸ್ಸಿನಲ್ಲಿ, ಜೂನ್ ತಿಂಗಳಿನ ಪಣಜಿಯಿಂದ:

*ಮಳೆ ಬಂದರೊಣಗುವುದು ನನ್ನ ಸೀರೆ*

ಪ್ರಾಸ ಳಕಾರ, ಹಿಂದೆ ಲಘು. ಈ ಸಲ ಸೀರೆ ಉಟ್ಟವಳ ಬದಲು ‘ಉಟ್ಟವನು’ ಎಂದು ಯಾರೂ ಅಪ್ಪಣೆ ಕೇಳಬೇಡಿ.