ವರ್ಡ್‌ನಲ್ಲಿ 212 ಪುಟ, ರೈಟರ್‌ನಲ್ಲಿ 231: ಕನ್ನಡ ಪ್ರಬಂಧದ ಫಾರ್ಮ್ಯಾಟಿಂಗ್ ಎಲ್ಲಿ ಕೆಡುತ್ತಿದೆ?

ಸಂಶೋಧಕಿ_ಧಾರವಾಡ

ಪಿಎಚ್‌ಡಿ ಪ್ರಬಂಧ, ಪೂರ್ತಿ ಯೂನಿಕೋಡ್ ಕನ್ನಡ, ನಡುನಡುವೆ ಇಂಗ್ಲಿಷ್ ಉಲ್ಲೇಖಗಳಿವೆ. ವಿಂಡೋಸ್‌ನಲ್ಲಿ ವರ್ಡ್ 2019 ಬಳಸಿ ಟೈಪ್ ಮಾಡಿದ್ದು. ವಿಭಾಗದ ಕಂಪ್ಯೂಟರ್‌ನಲ್ಲಿ ಉಬುಂಟು ಮತ್ತು ಲಿಬ್ರೆಆಫೀಸ್ 7.6 ಇದೆ (ರೈಟರ್ ಅದರದ್ದೇ ಭಾಗ). ಅದೇ ಡಾಕ್‌ಎಕ್ಸ್ ಫೈಲನ್ನು ಅಲ್ಲಿ ತೆರೆದರೆ:

212 ಪುಟ ಇದ್ದದ್ದು 231 ಆಗುತ್ತದೆ. ಹೆಡಿಂಗ್ 1 ಸ್ಟೈಲ್‌ಗೆ 18 ಪಾಯಿಂಟ್ ಕೊಟ್ಟರೆ ಇಂಗ್ಲಿಷ್ ಪದ ಮಾತ್ರ ದೊಡ್ಡದಾಗುತ್ತದೆ, ಕನ್ನಡ ಹಾಗೇ ಇರುತ್ತದೆ. "ರಾಷ್ಟ್ರ", "ಲಕ್ಷ್ಮಿ" ಇಂಥ ಪದಗಳಲ್ಲಿ ಒತ್ತು ಅರ್ಧ ಕತ್ತರಿಸಿಹೋಗಿದೆ (ಲೈನ್ ಸ್ಪೇಸಿಂಗ್ ಎಕ್ಸಾಕ್ಟ್ಲಿ 18 ಪಾಯಿಂಟ್, ಅಕ್ಷರ 14). ಇನ್ನೊಂದು, ಅನುಬಂಧ ಬೇರೆ ಫೈಲ್, 40 ಪುಟ. ಅದು 213ರಿಂದ ಶುರುವಾಗಬೇಕು. ರೈಟರ್‌ನಲ್ಲಿ ಪುಟಸಂಖ್ಯೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿ ಆಫ್‌ಸೆಟ್ 212 ಕೊಟ್ಟರೆ ಸಂಖ್ಯೆಯೇ ಮಾಯ.

ಕೊನೆಯ ಪ್ರತಿ ಯಾವುದರಲ್ಲಿ ಮಾಡಿದರೆ ಒಳ್ಳೆಯದು?

ಅಚ್ಚುಮೊಳೆ

ಹೆಡಿಂಗ್ ಸಮಸ್ಯೆಯಿಂದ ಶುರು ಮಾಡೋಣ ಮೇಡಂ, ಮಿಕ್ಕ ಅರ್ಧ ಅದರಲ್ಲೇ ಅಡಗಿದೆ.

ವರ್ಡ್ ಆಗಲಿ ರೈಟರ್ ಆಗಲಿ, ಒಂದು ಸ್ಟೈಲ್‌ಗೆ ಒಂದೇ ಫಾಂಟ್, ಒಂದೇ ಗಾತ್ರ ಅಂತ ಇಟ್ಟುಕೊಳ್ಳುವುದಿಲ್ಲ. ಲ್ಯಾಟಿನ್ ಲಿಪಿಗೆ ಒಂದು ಖಾನೆ, ಕಾಂಪ್ಲೆಕ್ಸ್ ಸ್ಕ್ರಿಪ್ಟ್‌ಗೆ (ಅಕ್ಷರಗಳು ಒಂದಕ್ಕೊಂದು ಬೆಸೆದು ರೂಪ ಬದಲಿಸುವ ಲಿಪಿಗಳಿಗೆ) ಇನ್ನೊಂದು. ಕನ್ನಡ ಎರಡನೆಯದಕ್ಕೆ ಸೇರುತ್ತದೆ. ಬೋಲ್ಡ್ ಕೂಡ ಬೇರೆ ಬೇರೆ. ನಂಬಿಕೆ ಬಾರದಿದ್ದರೆ ಡಾಕ್‌ಎಕ್ಸ್ ಫೈಲಿನ ಒಂದು ನಕಲಿಗೆ ಜಿಪ್ ಅಂತ ಹೆಸರು ಬದಲಿಸಿ ಬಿಚ್ಚಿ, ವರ್ಡ್ ಎಂಬ ಫೋಲ್ಡರ್‌ನೊಳಗೆ ಸ್ಟೈಲ್ಸ್ ಫೈಲ್ ನೋಡಿ. ಗಾತ್ರ ಎರಡೆರಡು ಸಲ ಬರೆದಿರುತ್ತದೆ, ಅರ್ಧ ಪಾಯಿಂಟ್ ಲೆಕ್ಕದಲ್ಲಿ: 28 ಅಂದರೆ 14 ಪಾಯಿಂಟ್. ನಿಮ್ಮ ಹೆಡಿಂಗ್ 1ರಲ್ಲಿ ಒಂದು ಕಡೆ 36, ಇನ್ನೊಂದು ಕಡೆ ಹಳೆಯ ಸಂಖ್ಯೆಯೇ ಉಳಿದಿರುತ್ತದೆ.

ರೈಟರ್‌ನಲ್ಲಿ: ಟೂಲ್ಸ್ > ಆಪ್ಷನ್ಸ್ > ಲ್ಯಾಂಗ್ವೇಜಸ್ ಅಂಡ್ ಲೊಕೇಲ್ಸ್ > ಜನರಲ್‌ಗೆ ಹೋಗಿ (ಹಳೆಯ ಆವೃತ್ತಿಗಳಲ್ಲಿ ಲ್ಯಾಂಗ್ವೇಜ್ ಸೆಟ್ಟಿಂಗ್ಸ್), ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಟಿಕ್ ಹಾಕಿ ಕನ್ನಡ ಆರಿಸಿ. ಆಮೇಲೆ ಎಫ್11 ಒತ್ತಿ, ಹೆಡಿಂಗ್ 1 ಮೇಲೆ ಬಲ ಕ್ಲಿಕ್ ಮಾಡಿ ಎಡಿಟ್ ಸ್ಟೈಲ್ ತೆರೆದರೆ ಫಾಂಟ್ ಪುಟದಲ್ಲಿ ವೆಸ್ಟರ್ನ್ ಜೊತೆಗೆ ಕಾಂಪ್ಲೆಕ್ಸ್‌ನ ಭಾಗವೂ ಕಾಣುತ್ತದೆ. 18 ಅಲ್ಲಿ ಕೊಡಬೇಕು.

ವರ್ಡ್‌ನಲ್ಲಿ: ಸ್ಟೈಲ್ ಮೇಲೆ ಬಲ ಕ್ಲಿಕ್, ಮಾಡಿಫೈ > ಫಾರ್ಮ್ಯಾಟ್ > ಫಾಂಟ್. ಅಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಎಂಬ ಭಾಗ ಇಲ್ಲದಿದ್ದರೆ ಫೈಲ್ > ಆಪ್ಷನ್ಸ್ > ಲ್ಯಾಂಗ್ವೇಜ್‌ನಲ್ಲಿ ಕನ್ನಡ ಸೇರಿಸಿ, ವರ್ಡ್ ಮುಚ್ಚಿ ತೆರೆಯಿರಿ.

ಎರಡು ಖಾನೆ ಇರುವುದು ತಲೆನೋವಲ್ಲ, ಅನುಕೂಲವೇ. ಕನ್ನಡ 14 ಇದ್ದಾಗ ಇಂಗ್ಲಿಷ್ 12 ಇಟ್ಟರೆ ಸಾಲಿನಲ್ಲಿ ಎರಡೂ ಹೊಂದಿಕೊಳ್ಳುತ್ತವೆ. ಒಂದೊಂದು ಇಂಗ್ಲಿಷ್ ಪದವನ್ನೂ ಆರಿಸಿ ಗಾತ್ರ ಇಳಿಸುವ ಕೆಲಸ ಬೇಡ.

ಡಿಟಿಪಿ_ಮಾವ

ಮೊದಲು ಒಂದು ಪರೀಕ್ಷೆ. ಒಂದು ಪ್ಯಾರಾಕ್ಕೆ ಏರಿಯಲ್ ಫಾಂಟ್ ಕೊಟ್ಟು ನೋಡಿ. ಕನ್ನಡ ಕನ್ನಡವಾಗಿಯೇ ಉಳಿದರೆ ಯೂನಿಕೋಡ್. "ಕನ್ನಡ" ಎಂಬುದು ಪಿ, ಗೀಟು ಹೊತ್ತ ಎ, ಪೌಂಡ್ ಗುರುತು ಇವುಗಳ ಸಂತೆಯಾದರೆ ಆ ಭಾಗ ನುಡಿ 01 ಇ ಥರದ ಹಳೆಯ ಆಸ್ಕಿ ಫಾಂಟ್‌ನದ್ದು. ಪ್ರಬಂಧಗಳಲ್ಲಿ ಹಳೆಯ ಲೇಖನದಿಂದ ಅಂಟಿಸಿದ ಪ್ಯಾರಾಗಳು ಹೀಗೆ ನುಸುಳಿರುತ್ತವೆ. ತಂತ್ರಾಂಶದ ಕಣ್ಣಿಗೆ ಅದು ಲ್ಯಾಟಿನ್ ಅಕ್ಷರವೇ, ಹಾಗಾಗಿ ಅಚ್ಚುಮೊಳೆ ಸರ್ ಹೇಳಿದ ಕಾಂಪ್ಲೆಕ್ಸ್ ಖಾನೆ ಅದಕ್ಕೆ ತಾಗುವುದೇ ಇಲ್ಲ. ಅಂಥದ್ದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಸ್ಟೈಲ್ ಹಾಕಿ. ಉಲ್ಟಾ ಮಾಡಿದರೆ ಪರಿವರ್ತಕಕ್ಕೆ ಹಾಕಿ ತೆಗೆಯುವಾಗ ಸ್ಟೈಲ್ ಎಲ್ಲ ಉದುರಿಹೋಗಿ ಎರಡು ಸಲದ ಕೆಲಸ.

ಸಂಶೋಧಕಿ_ಧಾರವಾಡ

ಪರೀಕ್ಷೆ ಮಾಡಿದೆ, ಎಲ್ಲ ಯೂನಿಕೋಡೇ. ಹೆಡಿಂಗ್ ಸರಿಹೋಯಿತು, ಧನ್ಯವಾದ ಸರ್. ಪುಟ ಮಾತ್ರ ಈಗಲೂ 231. ಕಾಂಪ್ಲೆಕ್ಸ್ ಖಾನೆಯಲ್ಲಿ ನಾನೇನೂ ಆರಿಸಿಲ್ಲ, ವರ್ಡ್‌ನಲ್ಲಿ ಅಲ್ಲಿ "ಬಾಡಿ ಸಿಎಸ್" ಅಂತ ಇದೆ.

ಅಚ್ಚುಮೊಳೆ

ಕಳ್ಳ ಸಿಕ್ಕ. "ಬಾಡಿ ಸಿಎಸ್" ಫಾಂಟ್ ಅಲ್ಲ, "ಥೀಮ್ ಏನು ಹೇಳುತ್ತದೋ ಅದು" ಎಂಬ ಸೂಚನೆ. ಆಫೀಸ್ ಥೀಮಿನ ಪಟ್ಟಿಯಲ್ಲಿ ಕನ್ನಡದ ಎದುರು ತುಂಗಾ ಅಂತ ಬರೆದಿದೆ. ತುಂಗಾ ಮೈಕ್ರೋಸಾಫ್ಟ್‌ನ ಫಾಂಟ್, ಉಬುಂಟುವಿನಲ್ಲಿ ಇರುವುದಿಲ್ಲ. ವಿಂಡೋಸ್ 10ರಿಂದ ಅಲ್ಲೂ ಅದು ಐಚ್ಛಿಕ, ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂಬ ಫೀಚರ್ ಹಾಕಿಕೊಂಡರೆ ಬರುತ್ತದೆ. ಫಾಂಟ್ ಇಲ್ಲದ ಕಡೆ ಲೋಹಿತ್, ನೋಟೋ, ಗುಬ್ಬಿ, ಯಾವುದು ಸಿಕ್ಕಿತೋ ಅದು ಬಂದು ಕೂರುತ್ತದೆ. ಅಕ್ಷರದ ಅಗಲ ಬೇರೆ, ಸಾಲಿನ ಎತ್ತರ ಬೇರೆ. ಸಾಲಿಗೆ ಒಂದು ಪದ ಜಾರಿದರೂ 19 ಪುಟ ಹೆಚ್ಚಾಗುವುದು ದೊಡ್ಡ ವಿಷಯವಲ್ಲ. ರೈಟರ್‌ನ ಫಾಂಟ್ ಪೆಟ್ಟಿಗೆಯಲ್ಲಿ ಹೆಸರು ಓರೆ ಅಕ್ಷರದಲ್ಲಿ ಕಂಡರೆ ಆ ಫಾಂಟ್ ಯಂತ್ರದಲ್ಲಿ ಇಲ್ಲ ಅಂತ ಅರ್ಥ.

ಎರಡೂ ಕಡೆ ಒಂದೇ ಫಾಂಟ್ ಹಾಕಿ, ಸ್ಟೈಲ್‌ನಲ್ಲಿ ಅದರ ಹೆಸರನ್ನೇ ಕೊಡಿ. ನೋಟೋ ಸೆರಿಫ್ ಕನ್ನಡಕ್ಕೆ ಬೋಲ್ಡ್ ಇದೆ, ಇಟಾಲಿಕ್ ಇಲ್ಲ. ಟೀರೋ ಕನ್ನಡಕ್ಕೆ ಇಟಾಲಿಕ್ ಇದೆ, ಬೋಲ್ಡ್ ಇಲ್ಲ. ಇಲ್ಲದ ರೂಪ ಕೇಳಿದರೆ ತಂತ್ರಾಂಶ ಅಕ್ಷರವನ್ನು ಸುಮ್ಮನೆ ಬಾಗಿಸಿಯೋ ದಪ್ಪಗೆ ಬಳಿದೋ ತೋರಿಸುತ್ತದೆ, ಅಚ್ಚಿನಲ್ಲಿ ಒತ್ತುಗಳ ಸಂದು ಮುಚ್ಚಿಹೋಗುತ್ತದೆ. ಪ್ರಬಂಧದಲ್ಲಿ ತಲೆಬರಹಗಳೇ ಹೆಚ್ಚು, ಹಾಗಾಗಿ ನೋಟೋ ಸೆರಿಫ್. ಗೂಗಲ್ ಫಾಂಟ್ಸ್‌ನಿಂದ ಇಳಿಸಿದ ಜಿಪ್‌ನಲ್ಲಿ ಮೇಲೇ ಸಿಗುವ ವೇರಿಯಬಲ್ ಫೈಲ್ (ಎಲ್ಲ ದಪ್ಪಗಳೂ ಒಂದೇ ಫೈಲಿನಲ್ಲಿರುವಂಥದ್ದು) ಬೇಡ. ಒಳಗಿನ ಸ್ಟ್ಯಾಟಿಕ್ ಫೋಲ್ಡರ್‌ನಿಂದ ರೆಗ್ಯುಲರ್, ಬೋಲ್ಡ್ ಎರಡು ಹಾಕಿಕೊಳ್ಳಿ. ವೇರಿಯಬಲ್ ಫಾಂಟ್ ವಿಷಯದಲ್ಲಿ ವರ್ಡ್ ಇನ್ನೂ ಎಡವುತ್ತದೆ.

ಇಷ್ಟಾದರೂ ನೂರಕ್ಕೆ ನೂರು ಒಂದೇ ಆಗುವುದಿಲ್ಲ. ಕಾರಣ ಅಂಕಿಗಳು. "ಕ್ರಿ.ಶ. 1956ರಲ್ಲಿ" ಎಂದು ಬರೆದರೆ ರೈಟರ್ 1956ನ್ನು ಹಿಂದಿನ ಕನ್ನಡದ ಬಾಲವೆಂದು ನೋಡಿ ಕನ್ನಡ ಫಾಂಟ್‌ನಿಂದ ತೆಗೆಯುತ್ತದೆ. ಚುಕ್ಕೆ, ಅಲ್ಪವಿರಾಮ, ಜಾಗ ಎಲ್ಲಕ್ಕೂ ಇದೇ ನ್ಯಾಯ. ವರ್ಡ್ ಅವನ್ನು ಲ್ಯಾಟಿನ್ ಖಾನೆಯಿಂದ ತೆಗೆಯುತ್ತದೆ. ಇಸವಿಗಳು ತುಂಬಿದ ಅಧ್ಯಾಯದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕನ್ನಡ 14, ಇಂಗ್ಲಿಷ್ 12 ಮಾಡಿದ್ದರೆ ವರ್ಡ್‌ನಲ್ಲಿ ಅಂಕಿಯೂ 12ಕ್ಕೆ ಇಳಿದಿರುತ್ತದೆ, ಅದನ್ನು ನೋಡಿಕೊಳ್ಳಿ.

ಪುಟಗಟ್ಟು

ಒತ್ತು ಕತ್ತರಿಸುವುದಕ್ಕೆ: ಎಕ್ಸಾಕ್ಟ್ಲಿ (ರೈಟರ್‌ನಲ್ಲಿ ಫಿಕ್ಸ್ಡ್) ತೆಗೆಯಿರಿ. ಅದು ಸಾಲಿನ ಎತ್ತರವನ್ನು ಬಿಗಿಯಾಗಿ ಕಟ್ಟುತ್ತದೆ, "ಷ್ಟ್ರ"ದ ಎರಡನೇ ಒತ್ತಿಗೆ ಕೆಳಗೆ ಜಾಗವೇ ಉಳಿಯುವುದಿಲ್ಲ. ಅಟ್ ಲೀಸ್ಟ್ 18 ಹಾಕಿದರೆ ಬೇಕಾದ ಸಾಲು ಮಾತ್ರ ಹಿಗ್ಗುತ್ತದೆ. ಸಾಲುಗಳು ಏರುಪೇರಾಗಿ ಕಂಡರೆ ಫಾಂಟ್‌ಗೆ ತಕ್ಕಂತೆ ಅಟ್ ಲೀಸ್ಟ್ ಅಳತೆಯನ್ನು 22, 24 ಹೀಗೆ ಏರಿಸುತ್ತ ಹೋಗಿ, ಎಲ್ಲ ಸಾಲೂ ಸಮನಾಗುವ ಒಂದು ಬಿಂದು ಸಿಗುತ್ತದೆ.

ಇನ್ನು ಪುಟಸಂಖ್ಯೆ. ಎರಡು ತಂತ್ರಾಂಶಗಳು ನಿಜವಾಗಿ ಬೇರೆಯಾಗುವುದು ಇಲ್ಲೇ.

ಆಫ್‌ಸೆಟ್ ಅಂದರೆ "ಇದಕ್ಕೆ ಇಷ್ಟು ಕೂಡಿಸು" ಅಂತಲ್ಲ. "ಇಷ್ಟು ಪುಟ ಮುಂದಿರುವ ಪುಟದ ಸಂಖ್ಯೆ ತೋರಿಸು" ಅಂತ. 40 ಪುಟದ ಫೈಲಿನಲ್ಲಿ 212 ಪುಟ ಮುಂದೆ ಪುಟವೇ ಇಲ್ಲ, ಆದ್ದರಿಂದ ಖಾಲಿ. ಆಫ್‌ಸೆಟ್ 6 ಕೊಟ್ಟವರಿಗೆ ಕೊನೆಯ 6 ಪುಟ ಮಾತ್ರ ಬೋಳಾಗುವುದೂ ಇದಕ್ಕೇ. ಆಫ್‌ಸೆಟ್ ಸೊನ್ನೆ ಮಾಡಿ. ಫೈಲಿನ ಮೊದಲ ಪ್ಯಾರಾದಲ್ಲಿ ಕರ್ಸರ್ ಇಟ್ಟು ಫಾರ್ಮ್ಯಾಟ್ > ಪ್ಯಾರಾಗ್ರಾಫ್ > ಟೆಕ್ಸ್ಟ್ ಫ್ಲೋ, ಬ್ರೇಕ್ಸ್‌ನಲ್ಲಿ ಇನ್ಸರ್ಟ್ ಟಿಕ್, ಪೇಜ್, ಬಿಫೋರ್, ವಿತ್ ಪೇಜ್ ಸ್ಟೈಲ್ ಟಿಕ್, ಪೇಜ್ ನಂಬರ್ 213.

ವರ್ಡ್‌ಗೆ ಪುಟ ಅನ್ನುವುದು ಪಠ್ಯ ಹರಿದು ತುಂಬುವ ಜಾಗ ಅಷ್ಟೇ. ಅಂಚು, ಹೆಡರ್, ಸಂಖ್ಯೆ ಎಲ್ಲ ಸೆಕ್ಷನ್‌ಗೆ, ಅಂದರೆ ಬ್ರೇಕ್ ಹಾಕಿ ಬೇರ್ಪಡಿಸಿದ ಭಾಗಕ್ಕೆ, ಅಂಟಿಕೊಂಡಿವೆ. ಮುನ್ನುಡಿ ಮುಗಿದಲ್ಲಿ ಲೇಔಟ್ > ಬ್ರೇಕ್ಸ್ > ನೆಕ್ಸ್ಟ್ ಪೇಜ್ ಹಾಕಬೇಕು, ಎರಡನೇ ಸೆಕ್ಷನ್‌ನ ಫುಟರ್‌ನಲ್ಲಿ ಲಿಂಕ್ ಟು ಪ್ರೀವಿಯಸ್ ಆಫ್ ಮಾಡಬೇಕು (ಹೆಡರ್‌ನದ್ದು ಬೇರೆ ಬಟನ್, ಒಂದನ್ನು ಆಫ್ ಮಾಡಿದರೆ ಇನ್ನೊಂದು ಆಫ್ ಆಗುವುದಿಲ್ಲ), ಫಾರ್ಮ್ಯಾಟ್ ಪೇಜ್ ನಂಬರ್ಸ್‌ನಲ್ಲಿ ಸ್ಟಾರ್ಟ್ ಅಟ್ 1 ಕೊಡಬೇಕು. ಡಿಫರೆಂಟ್ ಫಸ್ಟ್ ಪೇಜ್ ಆಯಾ ಸೆಕ್ಷನ್‌ಗೆ ಸೀಮಿತ, ಆದರೆ ಡಿಫರೆಂಟ್ ಆಡ್ ಅಂಡ್ ಈವನ್ ಇಡೀ ದಾಖಲೆಗೆ ಅನ್ವಯ. ಅಪಾಯ ಇರುವುದು ಅಳಿಸುವಾಗ. ಸೆಕ್ಷನ್‌ನ ವಿವರ ಅದರ ಕೊನೆಯ ಬ್ರೇಕ್‌ನಲ್ಲಿ ಕೂತಿರುತ್ತದೆ, ಆದ್ದರಿಂದ ಬ್ರೇಕ್ ಅಳಿಸಿದರೆ ಮೇಲಿನ ಭಾಗ ಕೆಳಗಿನದರ ರೂಪ ತಾಳುತ್ತದೆ. ಮುನ್ನುಡಿಯ ರೋಮನ್ ಸಂಖ್ಯೆ ಇದ್ದಕ್ಕಿದ್ದಂತೆ ಹೋಯಿತು ಅಂದರೆ ಕಂಟ್ರೋಲ್+ಶಿಫ್ಟ್+8 ಒತ್ತಿ ಬ್ರೇಕ್ ಇದೆಯೇ ನೋಡಿ.

ರೈಟರ್‌ನಲ್ಲಿ ಪುಟಕ್ಕೇ ಸ್ಟೈಲ್ ಇದೆ. ಮುನ್ನುಡಿ, ಅಧ್ಯಾಯಾರಂಭ, ಅಧ್ಯಾಯ ಅಂತ ಮೂರು ಪೇಜ್ ಸ್ಟೈಲ್ ಮಾಡಿ. ಮುನ್ನುಡಿಗೆ ಸಂಖ್ಯೆ ರೋಮನ್. ಅಧ್ಯಾಯಾರಂಭಕ್ಕೆ ಹೆಡರ್ ಬೇಡ, ಅದರ ನೆಕ್ಸ್ಟ್ ಸ್ಟೈಲ್ ಅಧ್ಯಾಯ. ಆಮೇಲೆ ಹೆಡಿಂಗ್ 1 ಸ್ಟೈಲ್‌ನ ಟೆಕ್ಸ್ಟ್ ಫ್ಲೋದಲ್ಲಿ ಬ್ರೇಕ್ ಹಾಕಿ ಪೇಜ್ ಸ್ಟೈಲ್ ಅಧ್ಯಾಯಾರಂಭ ಅಂತ ಕೊಟ್ಟರೆ, ತಲೆಬರಹ ಬರೆದ ಕೂಡಲೇ ಹೊಸ ಪುಟ, ಹೆಡರ್ ಇಲ್ಲದ ಮೊದಲ ಪುಟ, ಮುಂದಿನದರಿಂದ ಹೆಡರ್, ಎಲ್ಲ ತಾನಾಗಿಯೇ. ಆ ಜಾಗದಲ್ಲಿ ಪೇಜ್ ನಂಬರ್ ಟಿಕ್ ಮಾತ್ರ ಹಾಕಬೇಡಿ, ಹಾಕಿದರೆ ಪ್ರತಿ ಅಧ್ಯಾಯವೂ 1ರಿಂದ ಶುರು. ಅದನ್ನು ಮೊದಲ ಅಧ್ಯಾಯದ ತಲೆಬರಹಕ್ಕೆ ಮಾತ್ರ, ಪ್ಯಾರಾಗ್ರಾಫ್ ಮೂಲಕ ಕೊಡಿ.

ರೈಟರ್‌ನ ಒಂದು ಹಟ: ಬೆಸ ಸಂಖ್ಯೆ ಬಲಪುಟಕ್ಕೇ ಬೀಳಬೇಕು. ಮುನ್ನುಡಿ 9ಕ್ಕೆ ಮುಗಿದು ಅಧ್ಯಾಯ 1ಕ್ಕೆ ಶುರುವಾದರೆ ನಡುವೆ ತಾನೇ ಖಾಲಿ ಹಾಳೆ ಸೇರಿಸುತ್ತದೆ. ಪಿಡಿಎಫ್ ಮಾಡುವಾಗ ಜನರಲ್ ಪುಟದಲ್ಲಿ ಎಕ್ಸ್‌ಪೋರ್ಟ್ ಆಟೋಮ್ಯಾಟಿಕಲಿ ಇನ್ಸರ್ಟೆಡ್ ಬ್ಲ್ಯಾಂಕ್ ಪೇಜಸ್ ಎಂಬುದನ್ನು, ಎರಡು ಬದಿ ಅಚ್ಚಾದರೆ ಇಡಿ, ಒಂದೇ ಬದಿ ಆದರೆ ತೆಗೆಯಿರಿ.

ಡಿಟಿಪಿ_ಮಾವ

ಪುಸ್ತಕದಂಥ ಕೆಲಸಕ್ಕೆ ಪೇಜ್ ಸ್ಟೈಲ್‌ನ ಮುಂದೆ ಸೆಕ್ಷನ್ ಬ್ರೇಕ್ ನಿಲ್ಲುವುದಿಲ್ಲ, ಒಪ್ಪಿದೆ. ಆದರೆ ಮಾರ್ಗದರ್ಶಕರು ವರ್ಡ್‌ನಲ್ಲಿ ಟ್ರ್ಯಾಕ್ ಚೇಂಜಸ್ (ತಿದ್ದಿದ್ದೆಲ್ಲ ಗುರುತಾಗಿ ಉಳಿಯುವ ಸೌಲಭ್ಯ) ಹಾಕಿ ತಿದ್ದುವವರಾದರೆ ರೈಟರ್‌ಗೆ ಈಗಲೇ ಹೋಗಬೇಡಿ. ಡಾಕ್‌ಎಕ್ಸ್‌ನಲ್ಲಿ ಪೇಜ್ ಸ್ಟೈಲ್‌ಗೆ ಜಾಗವೇ ಇಲ್ಲ. ಉಳಿಸುವಾಗ ಅದು ಸೆಕ್ಷನ್ ಆಗುತ್ತದೆ, ಮತ್ತೆ ರೈಟರ್‌ನಲ್ಲಿ ತೆರೆದರೆ ನಿಮ್ಮ ಹೆಸರಿನ ಬದಲು ಕನ್ವರ್ಟೆಡ್1, ಕನ್ವರ್ಟೆಡ್2 ಅಂತ ಪಟ್ಟಿ ಬೆಳೆದಿರುತ್ತದೆ. ತಿದ್ದುಪಡಿ ಎಲ್ಲ ಮುಗಿಯುವವರೆಗೆ ವರ್ಡ್, ಆಮೇಲೆ ಒಂದೇ ಸಲ ರೈಟರ್‌ಗೆ ತಂದು ಅದರದ್ದೇ ಫೈಲ್ ಮಾದರಿಯಾದ ಓಡಿಟಿಯಾಗಿ ಉಳಿಸಿ ಪುಟ ಕಟ್ಟಿ. ಹಿಂದಕ್ಕೆ ಕಳಿಸಬೇಡಿ.

ತಂದಮೇಲೆ ಕೈಯಿಂದ ಹಾಕಿದ ಬೋಲ್ಡ್, ಗಾತ್ರ ಇವೆಲ್ಲ ಸ್ಟೈಲ್ ಮೇಲೆ ಸವಾರಿ ಮಾಡುತ್ತಿರುತ್ತವೆ. ಆರಿಸಿ ಕಂಟ್ರೋಲ್+ಎಂ ಒತ್ತಿದರೆ ಹೋಗುತ್ತವೆ. ವರ್ಡ್‌ನಲ್ಲಿ ಅಕ್ಷರದ್ದಕ್ಕೆ ಕಂಟ್ರೋಲ್+ಸ್ಪೇಸ್, ಪ್ಯಾರಾದ್ದಕ್ಕೆ ಕಂಟ್ರೋಲ್+ಕ್ಯೂ. ಪೂರ್ತಿ ಅಧ್ಯಾಯ ಆರಿಸಿ ಒತ್ತಬೇಡಿ, ಬೇಕೆಂದೇ ಮಾಡಿದ ಕೃತಿಗಳ ಓರೆ ಹೆಸರುಗಳೂ ನೆಟ್ಟಗಾಗುತ್ತವೆ. 7.6ರಲ್ಲಿ ಸ್ಟೈಲ್ ಪಟ್ಟಿಯ ಸ್ಪಾಟ್‌ಲೈಟ್ ಆನ್ ಮಾಡಿದರೆ ಯಾವ ಪ್ಯಾರಾಕ್ಕೆ ಯಾವ ಸ್ಟೈಲ್ ಅಂತ ಅಂಚಿನಲ್ಲಿ ಬಣ್ಣದ ಪಟ್ಟಿ ಕಾಣುತ್ತದೆ. ಹಿಂದೆ ವರ್ಡ್‌ಪರ್ಫೆಕ್ಟ್‌ನಲ್ಲಿ ರಿವೀಲ್ ಕೋಡ್ಸ್ ಅಂತ ಇತ್ತು, ಆಲ್ಟ್+ಎಫ್3 ಒತ್ತಿದರೆ ಅಡಗಿದ ಫಾರ್ಮ್ಯಾಟಿಂಗ್ ಸಂಕೇತಗಳೆಲ್ಲ ಕಾಣುತ್ತಿದ್ದವು. ಅಷ್ಟು ಬಿಚ್ಚುಮನಸ್ಸಿನ ಸೌಲಭ್ಯ ಈಗಿನ ಎರಡರಲ್ಲೂ ಇಲ್ಲ.

ಸಂಶೋಧಕಿ_ಧಾರವಾಡ

ಅನುಬಂಧ 213ರಿಂದ ಬಂತು. ನೋಟೋ ಸೆರಿಫ್ ಎರಡೂ ಕಡೆ ಹಾಕಿದ ಮೇಲೆ ಪ್ರಬಂಧ ವರ್ಡ್‌ನಲ್ಲಿ 224, ರೈಟರ್‌ನಲ್ಲಿ 226 ಪುಟ, ಹಾಗಾಗಿ ಆ 213ನ್ನು ಕೊನೆಗೆ ಬದಲಿಸುತ್ತೇನೆ. ಕೊನೆಯ ಪ್ರಶ್ನೆ: ಜಸ್ಟಿಫೈ (ಎರಡೂ ಅಂಚು ಸಮ) ಮಾಡಿದರೆ ಪದಗಳ ನಡುವೆ ಕಾಲುವೆ ತೋಡಿದ ಹಾಗೆ ಕಾಣುತ್ತದೆ. ರೈಟರ್‌ನಲ್ಲಿ ಇನ್ನೂ ಹೆಚ್ಚು.

ಪುಟಗಟ್ಟು

ವರ್ಡ್ 2013ರಿಂದೀಚಿನ ದಾಖಲೆಗಳಲ್ಲಿ ವರ್ಡ್ ಇನ್ನೊಂದು ಪದ ಹಿಡಿಸಲು ಪದಗಳ ನಡುವಿನ ಜಾಗವನ್ನು ಕುಗ್ಗಿಸುತ್ತದೆ. ನಿಮ್ಮ ರೈಟರ್ ಹಿಗ್ಗಿಸುವುದು ಮಾತ್ರ, ಉಳಿದ 2 ಪುಟದ ವ್ಯತ್ಯಾಸದಲ್ಲಿ ಇದರ ಪಾಲೂ ಇದೆ. ಅದಕ್ಕೇ ಪರಿವಿಡಿಯನ್ನು ಪುಟ ಕಟ್ಟುವ ತಂತ್ರಾಂಶದಲ್ಲೇ ಕೊನೆಗೆ ಅಪ್‌ಡೇಟ್ ಮಾಡಿ.

"ಸ್ವಾತಂತ್ರ್ಯಾನಂತರದ" ಇಂಥ ಉದ್ದ ಪದ ಸಾಲಿನ ಕೊನೆಗೆ ಬಂದಲ್ಲಿ ಕಂಟ್ರೋಲ್ ಜೊತೆ ಮೈನಸ್ ಒತ್ತಿ, ಎರಡರಲ್ಲೂ ಅದೇ ಕೀಲಿ. ಬೇಕಾದಾಗ ಮಾತ್ರ ಕಾಣುವ ಹೈಫನ್ ಅದು. "ಸ್ವಾತಂತ್ರ್ಯಾ" ಆದಮೇಲೆ, "ನಂತರದ" ಮುಂಚೆ ಹಾಕಿ. ಅಕ್ಷರದ ಒಳಗೆ, ಅಂದರೆ ತ್‌ಗೂ ಅದರ ರ ಒತ್ತಿಗೂ ನಡುವೆ ಬಿದ್ದರೆ ಒತ್ತು ಕಳಚಿ ಅರ್ಧಾಕ್ಷರ ಬೇರೆ ನಿಲ್ಲುತ್ತದೆ. ಇದನ್ನು ಪುಟ ಕಟ್ಟಿದ ಮೇಲೆ, ಕಾಲುವೆ ಎದ್ದು ಕಾಣುವ ಸಾಲುಗಳಿಗೆ ಮಾತ್ರ ಮಾಡಿ. ಅಡಿಟಿಪ್ಪಣಿ, ಗ್ರಂಥಸೂಚಿಗೆ ಜಸ್ಟಿಫೈ ಬೇಡವೇ ಬೇಡ, ಎಡಕ್ಕೆ ಬಿಡಿ.

ಅಚ್ಚಿಗೆ ಓಡಿಟಿ, ಡಾಕ್‌ಎಕ್ಸ್ ಎರಡೂ ಕೊಡಬೇಡಿ. ಪಿಡಿಎಫ್ ಮಾಡಿ, ತೆರೆದು ಫೈಲ್ ಪ್ರಾಪರ್ಟೀಸ್‌ನ ಫಾಂಟ್ಸ್ ಪಟ್ಟಿಯಲ್ಲಿ ನೋಟೋ ಸೆರಿಫ್ ಕನ್ನಡದ ಎದುರು ಎಂಬೆಡೆಡ್ ಅಂತ ಇದೆಯೇ ನೋಡಿ ಕಳಿಸಿ. ಪಟ್ಟಿಯಲ್ಲಿ ಲೋಹಿತ್ ಅಥವಾ ಗುಬ್ಬಿ ಎಂಬ ಹೆಸರು ಕಂಡರೆ ಯಾವುದೋ ಸ್ಟೈಲ್‌ನಲ್ಲಿ ಕಾಂಪ್ಲೆಕ್ಸ್ ಖಾನೆ ಇನ್ನೂ ತುಂಬಿಲ್ಲ. ಫುಟ್‌ನೋಟ್, ಹೆಡರ್, ಪರಿವಿಡಿಯ ಕಂಟೆಂಟ್ಸ್ 1, 2, 3 ಈ ಸ್ಟೈಲ್‌ಗಳನ್ನು ಮೊದಲು ಹುಡುಕಿ.