ಡಚ್ ದೋಣಿಯ 'ಜ್ವಾರ್ಟ್'ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ನೆದರ್ಲೆಂಡ್ಸ್‌ನಲ್ಲಿ ನೆಲೆಸಿರುವ ನಾನು ಕಳೆದ ಎರಡು ಚಳಿಗಾಲಗಳಲ್ಲಿ 'ಬೊಟರ್' ಎಂಬ ಇಲ್ಲಿನ ಹಳೆಯ ಮೀನುಗಾರಿಕೆಯ ಹಾಯಿದೋಣಿಯ ಮರದ ಮಾದರಿಯೊಂದನ್ನು 1:20ರ ಅಳತೆಯಲ್ಲಿ ಕಟ್ಟಿ ಮುಗಿಸಿದ್ದೇನೆ. ಮುಂದಿನ ವಾರ ಊರಿಗೆ ಬಂದಾಗ ಅದನ್ನು ನಾನು ಓದಿದ ಶಾಲೆಗೆ ಕೊಡಲಿದ್ದೇನೆ. ಭಾಗಗಳ ಹೆಸರು ಬರೆದ ಚೀಟಿಗಳನ್ನು ಗುರುವಾರದೊಳಗೆ ಮುದ್ರಣಕ್ಕೆ ಕೊಡಬೇಕು. ಹಾಯಿ, ಹಾಯಿಕಂಬ, ಚುಕ್ಕಾಣಿ, ಲಂಗರುಗಳಿಗೆ ತೊಡಕಿಲ್ಲ. ದೋಣಿಯ ಹೊಟ್ಟೆಯಲ್ಲಿರುವ, ತೂತುಗಳ ಮೂಲಕ ಹೊರಗಿನ ನೀರು ಬಂದುಹೋಗಿ ಹಿಡಿದ ಮೀನನ್ನು ಜೀವಂತವಾಗಿಡುವ ತೊಟ್ಟಿಗೂ 'ಮೀನುತೊಟ್ಟಿ' ಎಂದರೆ ಸಾಕು. ಸಿಕ್ಕಿಹಾಕಿಕೊಂಡಿರುವುದು ಒಂದೇ ಒಂದು ಭಾಗದಲ್ಲಿ.

ಬೊಟರ್ ಓಡಾಡುತ್ತಿದ್ದ ಜೈಡರ್ ಜೀ ಆಳವಿಲ್ಲದ ಕೊಲ್ಲಿಯಾಗಿದ್ದುದರಿಂದ ಅಲ್ಲಿನ ದೋಣಿಗಳ ತಳ ಚಪ್ಪಟೆಯಾಗಿರುತ್ತಿತ್ತು; ನೀರು ಇಳಿದಾಗ ಅವು ವಾಲದೆ ಕೆಸರಿನ ಮೇಲೆ ನೆಟ್ಟಗೆ ಕೂರುತ್ತಿದ್ದವು. ಆದರೆ ತಳ ಚಪ್ಪಟೆಯಾದ ದೋಣಿ, ಗಾಳಿ ಮಗ್ಗುಲಿನಿಂದ ಬೀಸಿದರೆ, ಮುಂದೆ ಹೋಗುವ ಬದಲು ಅಡ್ಡಕ್ಕೆ ಜಾರುತ್ತದೆ. ಅದನ್ನು ತಡೆಯಲು ದೋಣಿಯ ಎರಡೂ ಬದಿಗಳಲ್ಲಿ ಅಂಚಿನ ಬಳಿ ಒಂದೊಂದು ದಪ್ಪ ಹಲಗೆಯನ್ನು, ಮೇಲ್ತುದಿಯ ಒಂದು ಕೀಲಿನ ಮೇಲೆ ತಿರುಗುವಂತೆ, ತೂಗುಹಾಕಿರುತ್ತಾರೆ. ಬೇಕಾದಾಗ ನೀರಿಗೆ ಇಳಿಸಿ, ಬೇಡವಾದಾಗ ಹಗ್ಗದಿಂದ ಮೇಲೆತ್ತುತ್ತಾರೆ. ಇದನ್ನು ಡಚ್ಚರು 'ಜ್ವಾರ್ಟ್', ಅಂದರೆ ಖಡ್ಗ ಎನ್ನುತ್ತಾರೆ. ನನ್ನ ಮಾದರಿಯಲ್ಲಿ ಅದು ಗೇಣಿಗಿಂತ ತುಸು ಕಡಿಮೆ ಉದ್ದವಿದೆ. ದೋಣಿಯ ಕಡೆಗಿನ ಮೈಯನ್ನು ಉಬ್ಬಾಗಿಯೂ ಹೊರಮೈಯನ್ನು ಚಪ್ಪಟೆಯಾಗಿಯೂ ಉಜ್ಜಿ ತೆಗೆಯಲು ನನಗೆ ನಾಲ್ಕು ಸಂಜೆಗಳು ಹಿಡಿದವು.

ಇಂಗ್ಲಿಷ್ ಹೆಸರನ್ನು ಹಿಡಿದು ಹೊರಟರೆ 'ಗಾಳಿಮರೆಯ ಹಲಗೆ' ಎಂದಾಗುತ್ತದೆ. ಅದನ್ನು ಓದಿದ ಮಗು ಗಾಳಿ ಬಡಿಯದಂತೆ ಕಟ್ಟಿದ ತಡಿಕೆಯೆಂದೇ ತಿಳಿಯುತ್ತದೆ. 'ಪಾರ್ಶ್ವಫಲಕ' ಎಂದರೆ ಅಂಗಡಿಯ ಬೋರ್ಡು ಕಣ್ಣ ಮುಂದೆ ಬರುತ್ತದೆ. ತಿಳಿದವರು ದಯವಿಟ್ಟು ಬೇಗನೆ ಒಂದು ಪದ ಸೂಚಿಸಬೇಕು.

*

ಇದರಲ್ಲಿ ಚರ್ಚಿಸುವುದಕ್ಕೆ ಏನೂ ಇಲ್ಲ. 'ಪಕ್ಕಗತ್ತಿ' ಎಂದು ಬರೆಯಿರಿ. ಡಚ್ಚರು ತಮ್ಮ ಮನೆಮಾತಿನ ಖಡ್ಗವನ್ನು ದೋಣಿಗೆ ಕಟ್ಟಿದ್ದಾರೆ, ನಾವು ನಮ್ಮ ಕತ್ತಿಯನ್ನು ಕಟ್ಟೋಣ. ಪಾರ್ಶ್ವ, ಫಲಕ ಮುಂತಾದ ಸಂಸ್ಕೃತದ ಹೊರೆಯನ್ನು ಶಾಲೆಯ ಮಕ್ಕಳ ತಲೆಯ ಮೇಲೆ ಹೊರಿಸುವುದನ್ನು ಇನ್ನಾದರೂ ಬಿಡಬೇಕು. ಚೀಟಿಯಲ್ಲಿರುವ ಚುಕ್ಕಾಣಿ, ಲಂಗರುಗಳನ್ನೂ ತೆಗೆದುಹಾಕುವುದು ಒಳ್ಳೆಯದು, ಎರಡೂ ಕನ್ನಡವಲ್ಲ.

*

ಮೇಲಿನ ಮಹನೀಯರು ಅಚ್ಚಗನ್ನಡವೆಂದು ಕೊಟ್ಟ ಪದದ ಮೊದಲರ್ಧವೇ ಸಂಸ್ಕೃತದಿಂದ ಬಂದದ್ದು. ಪಕ್ಷದ ತದ್ಭವ ಪಕ್ಕ, ಫಲಕದ ತದ್ಭವ ಹಲಗೆ ಎಂಬುದನ್ನು ನಾವೆಲ್ಲರೂ ವ್ಯಾಕರಣದ ಪಾಠದಲ್ಲಿ ಓದಿದ್ದೇವೆ. ಹೊರೆ ಇಳಿಸಹೊರಟವರು ಅದೇ ಹೊರೆಯ ಒಂದು ಮೂಟೆಯನ್ನು ಹೆಗಲ ಮೇಲೆ ಉಳಿಸಿಕೊಂಡಿದ್ದಾರೆ.

ನಮ್ಮ ದೋಣಿಯ ಮಾತುಗಳಲ್ಲಿ ನಿಜವಾಗಿ ಗಮನಿಸಬೇಕಾದದ್ದು ಬೇರೆಯೇ ಇದೆ. ತಮಿಳಿನಲ್ಲಿ 'ಪಾಯ್' ಎಂದರೆ ಚಾಪೆಯೂ ಹೌದು, ದೋಣಿಯ ಹಾಯಿಯೂ ಹೌದು. ಪಕಾರ ಹಕಾರವಾಗಿ ನಮ್ಮಲ್ಲಿ ಅದು 'ಹಾಯಿ' ಆಗಿದೆ. 'ಹುಟ್ಟು' ಎಂಬುದು ಅಡುಗೆಮನೆಯ ಸೌಟಿನ ಹೆಸರು. ಅಂಬಿಗನ ಕೈಗೆ ಬಂದಾಗ ದೋಣಿ ನಡೆಸುವ ಸಾಧನವಾಯಿತು. ಕಂಡ ಆಕಾರವನ್ನು ಮನೆಯ ಪರಿಚಿತ ವಸ್ತುವಿಗೆ ಹೋಲಿಸಿ ಹೆಸರಿಡುವುದು ನಮ್ಮ ಭಾಷೆಯ ಹಳೆಯ ರೂಢಿಯಾದ್ದರಿಂದ ಇಲ್ಲಿಯೂ ಹಾಗೆಯೇ ಮಾಡಬೇಕೆಂದು ನನ್ನ ಅಭಿಪ್ರಾಯ. ನಾನು ಚಿತ್ರಗಳಲ್ಲಿ ನೋಡಿದ ಡಚ್ ದೋಣಿಗಳಲ್ಲಿ ಈ ಹಲಗೆ ಬೀಸಣಿಗೆಯಂತೆ ಕೆಳಗೆ ಅಗಲವಾಗಿದೆ. ಅದನ್ನು 'ಬದಿಮೊರ' ಎಂದು ಕರೆಯಬಹುದು.

ಎರವಲಿನ ಬಗ್ಗೆ ಒಂದು ಮಾತು. ಚುಕ್ಕಾಣಿ ಅರಬ್ಬಿಯ 'ಸುಕ್ಕಾನ್' ಎಂಬುದೂ ಲಂಗರು ಪಾರಸಿಯದೆಂಬುದೂ ನಿಜ. ಆದರೆ ಹಡಗಿನಲ್ಲಿ ಬಂದ ಮಾತು ಬಂದರಿನಲ್ಲಿ ಇಳಿಯುವುದು ಎಲ್ಲ ಭಾಷೆಗಳಲ್ಲೂ ನಡೆದಿದೆ. ಇಂಗ್ಲಿಷಿನವರೇ ಡೆಕ್, ಯಾಟ್, ಸ್ಕಿಪ್ಪರ್‌ಗಳನ್ನು ಡಚ್ಚರಿಂದ ತೆಗೆದುಕೊಂಡಿದ್ದಾರೆ. ನಮ್ಮ ಕಚೇರಿಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ 'ಬಾಸ್' ಕೂಡ ಮೂಲದಲ್ಲಿ ಡಚ್ ಮಾತೇ.

*

ಸಾವಿರ ವರ್ಷ ನಮ್ಮ ನಾಲಿಗೆಯಲ್ಲಿ ಸವೆದ ಪಕ್ಕ ನಮ್ಮದೇ. ನಿನ್ನೆ ನಿಘಂಟಿನಿಂದ ಎತ್ತಿ ತಂದ ಪಾರ್ಶ್ವ ನಮ್ಮದಲ್ಲ. ಈ ವ್ಯತ್ಯಾಸ ತಿಳಿಯದವರೊಡನೆ ವಾದಿಸುವುದಕ್ಕೆ ನನಗೆ ಸಮಯವಿಲ್ಲ. ದೋಣಿಗೆ ಮೊರ ಕಟ್ಟುವವರು ಕಟ್ಟಿಕೊಳ್ಳಲಿ.

*

ಅದೇ ಸಾವಿರ ವರ್ಷದ ನ್ಯಾಯವನ್ನು ಚುಕ್ಕಾಣಿಗೆ ಮಾತ್ರ ಏಕೆ ನಿರಾಕರಿಸುತ್ತೀರಿ? ಅದಕ್ಕೆ ಎಷ್ಟು ವರ್ಷ ಸವೆದರೆ ಪೌರತ್ವ ಸಿಗುತ್ತದೆಂದು ತಾವೇ ಒಂದು ಲೆಕ್ಕ ಹೇಳಿಬಿಟ್ಟರೆ ಉಪಕಾರವಾದೀತು.

*

ನಾನು ಕರಾವಳಿಯವನು, ಭಾಷಾಶಾಸ್ತ್ರ ಓದಿದವನಲ್ಲ, ಆದರೆ ದೋಣಿಗಳ ನಡುವೆ ಬೆಳೆದವನು. ನಮ್ಮ ಕಡೆ ಕತ್ತಿ ಎಂದರೆ ಹುಲ್ಲು ಕೊಯ್ಯುವ, ಸೌದೆ ಕಡಿಯುವ, ಬಾಗಿದ ಬಾಯಿಯ ಉಪಕರಣ. ಯುದ್ಧದ ಖಡ್ಗ ಯಾರಿಗೂ ಥಟ್ಟನೆ ನೆನಪಾಗುವುದಿಲ್ಲ. ಹಾಗಾಗಿ 'ಪಕ್ಕಗತ್ತಿ' ಎಂದು ಚೀಟಿ ಅಂಟಿಸಿದರೆ, ಮೀನುಗಾರನು ಬಲೆ ಕೊಯ್ಯಲು ಪಕ್ಕದಲ್ಲಿ ಸಿಕ್ಕಿಸಿಕೊಂಡ ಕತ್ತಿಯೆಂದು ನಮ್ಮ ಮಕ್ಕಳು ಅರ್ಥ ಮಾಡಿಕೊಂಡರೆ ಅವರ ತಪ್ಪಲ್ಲ.

ಇನ್ನೊಂದು ಮಾತು. ತಾವು ವಿವರಿಸಿದ ರೀತಿಯನ್ನು ನೋಡಿದರೆ ಒಂದು ಸಲಕ್ಕೆ ಒಂದೇ ಹಲಗೆ ನೀರಿನಲ್ಲಿರಬೇಕೆಂದು ನನಗೆ ತೋರುತ್ತದೆ. ದೋಣಿ ಜಾರುವ ಕಡೆಯ ಹಲಗೆಯನ್ನು ನೀರು ದೋಣಿಯ ಮೈಗೆ ಒತ್ತುತ್ತದೆ, ಆದ್ದರಿಂದ ಅದು ಗಟ್ಟಿಯಾಗಿ ನಿಲ್ಲುತ್ತದೆ. ಗಾಳಿ ಬರುವ ಕಡೆಯದನ್ನು ಇಳಿಸಿದರೆ ನೀರು ಅದನ್ನು ಮೈಯಿಂದ ಆಚೆಗೆ ತಳ್ಳಿ, ಎಲ್ಲ ಭಾರವೂ ಆ ಒಂದು ಕೀಲಿನ ಮೇಲೆ ಬೀಳುತ್ತದೆ. ತಾವು ಕಳಿಸಿದ ಚಿತ್ರದಲ್ಲಿ ಎರಡೂ ಇಳಿದಿರುವಂತೆ ಕಾಣುತ್ತಿದೆ. ನಾನು ನೋಡಿದ್ದು ತಪ್ಪಾಗಿದ್ದರೆ ಕ್ಷಮಿಸಬೇಕು.

*

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಗುರುವಾರ ಹತ್ತಿರವಾದ ಕಾರಣ ನಾನು 'ಮಗ್ಗುಲುಹಲಗೆ' ಎಂದು ತೀರ್ಮಾನಿಸಿ ಚೀಟಿಯನ್ನು ಮುದ್ರಣಕ್ಕೆ ಕಳಿಸಿದ್ದೇನೆ. ಹಲಗೆಯನ್ನು ಫಲಕದ ತದ್ಭವವೆಂದು ಆಕ್ಷೇಪಿಸುವವರಿದ್ದರೆ, ಆ ಮಾತನ್ನು ನಮ್ಮ ಊರಿನ ಬಡಗಿಗೆ ಮೊದಲು ಒಪ್ಪಿಸಿ ಬರಲಿ.

'ಬದಿಮೊರ' ನನಗೆ ನಿಜಕ್ಕೂ ಹಿಡಿಸಿತ್ತು. ಅದನ್ನು ಬಿಟ್ಟದ್ದಕ್ಕೆ ಕಾರಣ ದೋಣಿಯಲ್ಲಿಯೇ ಇದೆ. ತಾವು ಚಿತ್ರದಲ್ಲಿ ನೋಡಿದ ಬೀಸಣಿಗೆಯಾಕಾರದ ಹಲಗೆ, ಕಾಲುವೆಗಳಲ್ಲಿ ಸರಕು ಸಾಗಿಸುತ್ತಿದ್ದ 'ತ್ಯಾಲ್ಕ್' ಮುಂತಾದ ಒಳನಾಡಿನ ದೋಣಿಗಳದು. ಅಲ್ಲಿ ನೀರು ತೀರ ಕಡಿಮೆಯಿರುವುದರಿಂದ ಹಲಗೆಯನ್ನು ಆಳಕ್ಕೆ ಇಳಿಸಲಾಗದೆ ಅಗಲದಿಂದಲೇ ನೀರಿನ ಹಿಡಿತವನ್ನು ಸಂಪಾದಿಸಬೇಕು. ಬೊಟರ್ ಕೊಲ್ಲಿಯ ಅಲೆಗಳಲ್ಲಿ ಮೀನು ಹಿಡಿಯುತ್ತಿದ್ದ ದೋಣಿ. ಅದರ ಹಲಗೆ ಉದ್ದವಾಗಿಯೂ ಕಿರಿದಾಗಿಯೂ ಇರುತ್ತದೆ. ಅದನ್ನು ಮೊರವೆಂದರೆ ಮಕ್ಕಳು ಮೊರವನ್ನು ಹುಡುಕುತ್ತಾರೆ. ಆಕಾರ ದೋಣಿಯಿಂದ ದೋಣಿಗೆ ಬದಲಾಗುವಾಗ, ಎಲ್ಲಿ ತೂಗುತ್ತದೆ ಎಂಬುದನ್ನು ಹೇಳುವ ಹೆಸರೇ ಎರಡಕ್ಕೂ ಸಲ್ಲುತ್ತದೆ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಡಚ್ಚರು ಇದನ್ನು ಜ್ವಾರ್ಟ್ ಎನ್ನುತ್ತಾರೆ' ಎಂದೂ ಸೇರಿಸಿದ್ದೇನೆ. ಈ ಹಲಗೆಯನ್ನು ಡಚ್ ದೋಣಿಯಿಂದಲೇ ತಿಳಿಯಬೇಕಾದ ಮಕ್ಕಳಿಗೆ ಇಂಗ್ಲಿಷ್ ಹೆಸರನ್ನು ಕೊಟ್ಟು ಪ್ರಯೋಜನವಿಲ್ಲ. ಚುಕ್ಕಾಣಿಯೂ ಲಂಗರೂ ಚೀಟಿಯಲ್ಲಿ ಹಾಗೆಯೇ ಉಳಿದಿವೆ.

ಮಾದರಿಯ ಪಕ್ಕದಲ್ಲಿ ಇಡುವ ದೊಡ್ಡ ಕಾಗದದಲ್ಲಿ, 1932ರಲ್ಲಿ 32 ಕಿಲೋಮೀಟರ್ ಉದ್ದದ ಒಡ್ಡು ಮುಗಿದು ಜೈಡರ್ ಜೀ ಸಮುದ್ರದಿಂದ ಬೇರೆಯಾಗಿ ಐಸೆಲ್‌ಮೇರ್ ಎಂಬ ಸಿಹಿನೀರಿನ ಸರೋವರವಾದದ್ದನ್ನೂ, ಸ್ಪಾಕನ್‌ಬುರ್ಖ್ ಬಂದರಿನಲ್ಲಿ ಇಂದಿಗೂ ಬೊಟರ್‌ಗಳನ್ನು ಕಾಪಾಡಿಕೊಂಡು ಬಂದಿರುವುದನ್ನೂ ಬರೆದಿದ್ದೇನೆ. ಅಲ್ಲಿ 'ಮಗ್ಗುಲುಹಲಗೆ' ಮೂರು ಸಲ ಬರುತ್ತದೆ. ಗಟ್ಟಿಯಾಗಿ ಓದಿ ನೋಡಿದೆ, ಎಲ್ಲಿಯೂ ನಾಲಿಗೆ ತಡವರಿಸಲಿಲ್ಲ.

ಕರಾವಳಿಯ ಮಹನೀಯರಿಗೆ ಪ್ರತ್ಯೇಕವಾಗಿ ಒಂದು ಮಾತು. ತಾವು ನೋಡಿದ್ದು ಸರಿಯಾಗಿದೆ. ನನ್ನ ಮಾದರಿಯಲ್ಲಿ ಹಾಯಿ ಎಡಕ್ಕೆ ವಾಲಿದೆ, ಎಂದರೆ ಗಾಳಿ ಬಲದಿಂದ ಬರುತ್ತಿದೆ. ಆದರೂ ನೋಡಲು ಚೆನ್ನಾಗಿರುತ್ತದೆಂದು ಎರಡೂ ಹಲಗೆಗಳನ್ನು ಇಳಿಸಿ ಅಂಟು ಹಾಕಿಬಿಟ್ಟಿದ್ದೆ. ನಿನ್ನೆ ರಾತ್ರಿ ತೆಳ್ಳನೆಯ ಅಲಗಿನಿಂದ ಬಲಗಡೆಯ ಹಲಗೆಯನ್ನು ಬಿಡಿಸಿದೆ. ಕೀಲಿನ ಬಳಿ ಒಂದು ಚಕ್ಕೆ ಎದ್ದಿದೆ, ಮರದ ಪುಡಿ ಮತ್ತು ಅಂಟು ತುಂಬಿ ಒಣಗಲು ಇಟ್ಟಿದ್ದೇನೆ. ನಾಳೆ ಅದನ್ನು ಮೇಲೆತ್ತಿ ಕಟ್ಟುತ್ತೇನೆ.