20 ಬೋರ್ ಚಕಮಕಿ ಕೋವಿ: ಚರೆಯ ನಡುವೆ ಖಾಲಿ, ಈಡು ಹಾರೋದು ತಡ. ಏನು ಮಾಡಬೇಕು?

ಅಪಲಾಚಿಯನ್ ಮಲೆನಾಡಿಗ:
ಪೆನ್ಸಿಲ್ವೇನಿಯಾದಲ್ಲಿ ಅಳಿಲು, ಕಾಟನ್‌ಟೇಲ್ ಮೊಲದ ಬೇಟೆಗೆ ಅಂತ ಇರೋ ಕೋವಿ. 0.62 ಇಂಚಿನ ನುಣುಪು ನಳಿಗೆ, ಚೋಕ್ (ನಳಿಗೆ ಬಾಯಿ ಹತ್ರದ ಕಿರಿದು) ಇಲ್ಲ, ಬಾಯಿಂದ ತುಂಬೋದು. ಈಗ ಹಾಕ್ತಿರೋ ಈಡು: 80 ಗ್ರೇನ್ 2 ಎಫ್ ಕರಿಮದ್ದು (ಎಫ್ ಹೆಚ್ಚಾದಷ್ಟು ಕಾಳು ಸಣ್ಣ), ಅದರ ಮೇಲೆ ಎಂಟನೇ ಒಂದು ಇಂಚಿನ ಗಟ್ಟಿ ರಟ್ಟು, ಅರ್ಧ ಇಂಚಿನ ನಾರಿನ ಮೆತ್ತೆ, ಮುಕ್ಕಾಲು ಔನ್ಸ್ 6 ನಂಬರ್ ಚರೆ (ಸೀಸದ ಸಣ್ಣ ಗುಂಡು), ಕೊನೆಗೆ ತೆಳು ರಟ್ಟು. 20 ಗಜದಲ್ಲಿ ಕಾಗದಕ್ಕೆ ಹೊಡೆದರೆ ಸುತ್ತಲೂ ಚರೆ, ನಡುವೆ ಉದ್ದಿನ ವಡೆ ಥರ ತೂತು. ಎರಡನೇ ಕಷ್ಟ: ನಳಿಗೆ ಪಕ್ಕದಲ್ಲಿ ಕಿಡಿ ಬೀಳೋ ಪುಟ್ಟ ಬಟ್ಟಲಲ್ಲಿ ಮದ್ದು ಬುಸ್ಸಂತ ಹೊತ್ತಿಕೊಳ್ಳುತ್ತೆ, ಒಳಗಿನ ಈಡು ಅರೆಕ್ಷಣ ಬಿಟ್ಟು ಹಾರುತ್ತೆ. ಮಂಜಿನ ಬೆಳಗಲ್ಲಿ ಹಾರೋದೇ ಇಲ್ಲ. ಮೊದಲು ಯಾವುದನ್ನ ಸರಿ ಮಾಡಲಿ?

ನಳಿಗೆ ನೋಟ:
ಮೊದಲು ಚರೆ. ಆ ವಡೆ ಆಗೋಕೆ ಎರಡು ಕಾರಣ, ಎರಡೂ ನಿಮ್ಮ ಈಡಲ್ಲೇ ಇವೆ. ಮದ್ದು ಜಾಸ್ತಿ, ಚರೆ ಕಮ್ಮಿ. ಸಾಲದ್ದಕ್ಕೆ ಅರ್ಧ ಇಂಚಿನ ಮೆತ್ತೆ. ಚರೆ ನಳಿಗೆ ಬಾಯಿ ದಾಟಿದ ಕೂಡಲೇ ಹಿಂದಿಂದ ಈ ಮೆತ್ತೆ ಬಂದು ಗುದ್ದುತ್ತೆ, ಗುಂಪು ನಡುವಿಂದ ಸೀಳಿಹೋಗುತ್ತೆ. ಈಗಿನ ತೋಟೆಗಳಲ್ಲಿ ಚರೆ ಪ್ಲಾಸ್ಟಿಕ್ ಬಟ್ಟಲಲ್ಲಿ ಕೂತಿರುತ್ತೆ. ಇಲ್ಲಿ ಆ ರಕ್ಷಣೆ ಇಲ್ಲ.

60 ಗ್ರೇನ್‌ಗೆ ಇಳಿಸಿ, ಅಂದ್ರೆ ಸುಮಾರು 3.9 ಗ್ರಾಂ. ಚರೆಯನ್ನ ಒಂದು ಔನ್ಸ್, 28 ಗ್ರಾಂಗೆ ಏರಿಸಿ. ಮೆತ್ತೆ ತೆಗೆದುಹಾಕಿ, ಮದ್ದಿನ ಮೇಲೆ ಗಟ್ಟಿ ರಟ್ಟು ಒಂದೇ ಸಾಕು. ಮಸಿ ಮೆದು ಇರಲಿ ಅಂತ ಎಣ್ಣೆ ಮೆತ್ತೆ ಬೇಕೇ ಬೇಕು ಅಂದ್ರೆ ಅದನ್ನ ಬ್ಲೇಡಲ್ಲಿ ನಾಲ್ಕು ಬಿಲ್ಲೆ ಸೀಳಿ, ಒಂದು ಬಿಲ್ಲೆ ಮಾತ್ರ ಹಾಕಿ. ಅಳೆಯೋ ಸುಲಭ ದಾರಿ: 70 ಗ್ರೇನಿನ ಮದ್ದಳತೆಯ ತುಂಬ ಚರೆ ತುಂಬಿದರೆ ಹೆಚ್ಚುಕಮ್ಮಿ ಒಂದು ಔನ್ಸ್ ಆಗುತ್ತೆ. ಹಳಬರು ಮದ್ದಿಗೂ ಚರೆಗೂ ಅದೇ ಒಂದು ಅಳತೆ ಇಟ್ಟುಕೊಳ್ತಿದ್ದರು. ನೀವು ಮದ್ದನ್ನ ಅದಕ್ಕಿಂತ ಒಂಚೂರು ಕಮ್ಮಿ ಇಡಿ.

ರಟ್ಟು ಕೊಳ್ಳೋ ಮೊದಲು ವರ್ನಿಯರ್ ಹಿಡಿದು ನಳಿಗೆ ಬಾಯಿ ಅಳೆಯಿರಿ. 20 ಬೋರ್ ಅಂತ ಮಾರೋ ಕೋವಿಗಳೆಲ್ಲ ಒಂದೇ ಅಳತೆ ಇರಲ್ಲ. ರಟ್ಟು ಸಡಿಲ ಇದ್ದರೆ ಹೊಗೆ ಪಕ್ಕದಿಂದ ನುಗ್ಗಿ ಚರೆಯನ್ನ ಚದುರಿಸುತ್ತೆ. ಬಿಗಿ ಇದ್ದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು, ಗಜ ತೆಗೆದ ಕೂಡಲೇ ರಟ್ಟು ಮೇಲೆ ಬರುತ್ತೆ. ಅದಕ್ಕೆ ಚರೆ ಮೇಲಿನ ತೆಳು ರಟ್ಟಿಗೆ ದಬ್ಬಣದಲ್ಲಿ ಅಂಚಿನ ಹತ್ರ ಒಂದು ಸಣ್ಣ ತೂತು ಮಾಡಿ, ಗಾಳಿ ಹೋಗುತ್ತೆ. (ಗಜ ಅಂದ್ರೆ ಇಲ್ಲಿ ಮದ್ದು ಜಡಿಯೋ ಕಡ್ಡಿ, ದೂರ ಅಳೆಯೋ ಗಜ ಬೇರೆ. ಗೊಂದಲಕ್ಕೆ ನಾನು ಹೊಣೆಯಲ್ಲ.)

ಕಾಗದಕ್ಕೆ ಹೊಡೆಯುವಾಗ ಒಂದೇ ಈಡು ನೋಡಿ ತೀರ್ಮಾನ ಬೇಡ, ಪ್ರತಿ ಅಳತೆಗೂ ಕನಿಷ್ಠ ಮೂರು ಹಾಳೆ. ಹಾಳೆ ಮೇಲೆ ಅಲ್ಲಲ್ಲಿ ಮುಷ್ಟಿಯಷ್ಟು ವೃತ್ತ ಬರೆದು, ಪ್ರತಿಯೊಂದರಲ್ಲೂ ಮೂರ್ನಾಲ್ಕು ಚರೆ ಇದೆಯಾ ನೋಡಿ. ಒಂದು ಔನ್ಸ್ 6 ನಂಬರ್ ಸೀಸದಲ್ಲಿ ಸುಮಾರು 225 ಚರೆ ಇರುತ್ತೆ, ಅಳಿಲಿಗೆ ಧಾರಾಳ. ಚೋಕ್ ಇಲ್ಲದ 20 ಬೋರ್‌ಗೆ 25 ಗಜವೇ ಗಡಿ. ಅದರಾಚೆ ಹೊಡೆದರೆ ಗಾಯಗೊಂಡ ಪ್ರಾಣಿ ಪೊಟರೆ ಸೇರಿಕೊಳ್ಳುತ್ತೆ, ಅಷ್ಟೇ. ಉಕ್ಕಿನ ಚರೆ ಹಾಕಬೇಡಿ, ಮೆದು ನಳಿಗೆಯಲ್ಲಿ ಗೀರು ಬೀಳುತ್ತೆ. ಬಾತುಕೋಳಿಗಾದರೆ ಬಿಸ್ಮತ್. ಅಮೆರಿಕದಲ್ಲಿ ನೀರುಹಕ್ಕಿಗೆ ಸೀಸ 1991ರಿಂದ ದೇಶಾದ್ಯಂತ ನಿಷಿದ್ಧ.

ಕಲ್ಲು ಕಿಡಿ:
ಎರಡನೇ ಕಷ್ಟ ನನಗಿರಲಿ. ಬಟ್ಟಲು ಹೊತ್ತಿ ಈಡು ತಡವಾಯ್ತು ಅಂದ್ರೆ ಕಲ್ಲಿನ ತಪ್ಪಲ್ಲ, ಕಿಡಿ ಬಿದ್ದಿದೆ. ತಪ್ಪಿರೋದು ಕಿವಿಯಲ್ಲಿ, ಅಂದ್ರೆ ಬಟ್ಟಲಿಂದ ನಳಿಗೆ ಒಳಕ್ಕೆ ಹೋಗೋ ತೂತಲ್ಲಿ.

ಬಟ್ಟಲಿನ ಮದ್ದು ಬತ್ತಿ ಥರ ಉರೀಬಾರದು, ಅದರ ಜ್ವಾಲೆ ತೂತಿನೊಳಕ್ಕೆ ಹಾರಬೇಕು. ನೀವು ಬಟ್ಟಲು ತುಂಬ ಸುರಿದು ತೂತು ಮುಚ್ಚಿದರೆ ಕಾಳು ಕಾಳಾಗಿ ಉರಿದು ಒಳಗೆ ಹೋಗಬೇಕಾಗುತ್ತೆ. ನಿಮ್ಮ ಅರೆಕ್ಷಣ ಹೋಗೋದು ಅಲ್ಲೇ. 4 ಎಫ್ ಪುಡಿಮದ್ದು, ಬಟ್ಟಲಿನ ಮೂರನೇ ಒಂದು ಭಾಗ ಸಾಕು. ಮುಚ್ಚಿದ ಮೇಲೆ ಕೋವಿಯನ್ನ ಬಟ್ಟಲ ಕಡೆಗೆ ಸ್ವಲ್ಪ ವಾಲಿಸಿ ತಟ್ಟಿ, ಮದ್ದು ತೂತಿಂದ ಆಚೆ ಅಂಚಿಗೆ ಸರಿಯುತ್ತೆ. ನಳಿಗೆ ತುಂಬುವಾಗ ತೂತಿಗೆ ಕೋಳಿ ಪುಕ್ಕ ಸಿಕ್ಕಿಸಿಡಿ. ಬಟ್ಟಲಿಗೆ ಮದ್ದು ಹಾಕೋ ಮುಂಚೆ ಅದನ್ನ ಕಿತ್ತರೆ ಒಳಗಿನ ಮದ್ದಿನವರೆಗೆ ದಾರಿ ತೆರೆದಿರುತ್ತೆ. ತೂತು 1.6 ಮಿಲಿಮೀಟರ್ ಇದ್ದು ಇಷ್ಟೆಲ್ಲ ಮಾಡಿದರೂ ಸೋಮಾರಿ ಅನ್ನಿಸಿದರೆ 2 ಮಿಲಿಮೀಟರ್ ತನಕ ದೊಡ್ಡದು ಮಾಡಿಸಬಹುದು. ಅದಕ್ಕಿಂತ ಬೇಡ.

ಮೊದಲ ಈಡೇ ಹಾರದಿದ್ದರೆ ಎಣ್ಣೆ ಮೇಲೆ ಅನುಮಾನ ಪಡಿ. ತೊಳೆದು ಎಣ್ಣೆ ಹಚ್ಚಿ ಗೋಡೆಗೆ ಒರಗಿಸಿದ ಕೋವಿಯಲ್ಲಿ ಎಣ್ಣೆಯೆಲ್ಲ ಬುಡಕ್ಕೆ ಇಳಿದಿರುತ್ತೆ. ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಹೊರಡೋ ಬೆಳಗ್ಗೆ ಸ್ಪಿರಿಟ್ ಬಟ್ಟೆ, ಆಮೇಲೆ ಒಣಬಟ್ಟೆ ಬುಡದವರೆಗೂ ಆಡಿಸಿ.

ಮಂಜಿನ ಕತೆ ಬೇರೆ. ಕರಿಮದ್ದಿನ ಮಸಿ ಉಪ್ಪಿನ ಹಾಗೆ ನೀರು ಎಳ್ಕೊಳ್ಳುತ್ತೆ. ಒಂದು ಈಡಾದ ಮೇಲೆ ಬಟ್ಟಲು ಒರೆಸದೆ ಹೊಸ ಮದ್ದು ಹಾಕಿದರೆ ಹತ್ತು ನಿಮಿಷದಲ್ಲಿ ಅಂಟುಗಂಜಿ. ಬಟ್ಟಲು, ಕಲ್ಲಿನ ಅಲಗು, ಅದು ಉಜ್ಜೋ ಉಕ್ಕಿನ ಮುಚ್ಚಳ, ಅದೇ ಫ್ರಿಝನ್, ಮೂರನ್ನೂ ಪ್ರತಿಸಲ ಒರೆಸಿ. ಆ ಮುಚ್ಚಳದ ಮುಖಕ್ಕೆ ಬೆರಳೂ ತಾಗಿಸಬೇಡಿ, ಬೆರಳ ಜಿಡ್ಡು ಸಾಕು ಕಿಡಿ ಕೊಲ್ಲೋಕೆ. ಅರ್ಧ ಗಂಟೆಗೊಮ್ಮೆ ಬಟ್ಟಲ ಮದ್ದು ಚೆಲ್ಲಿ ಹೊಸದು ಹಾಕಿ. ಬೀಗದ (ಕಲ್ಲು, ಬಟ್ಟಲು, ಮುಚ್ಚಳ ಇರೋ ಯಂತ್ರದ) ಮೇಲೆ ಕಟ್ಟೋ ಮೇಣದ ತೊಗಲು ಹೊದಿಕೆಯೂ ಸಿಗುತ್ತೆ, ದಂಡ ಅಲ್ಲ.

ಇನ್ನೊಂದು: ಪೈರೋಡೆಕ್ಸ್ ಥರದ ಬದಲಿ ಮದ್ದು ಚಕಮಕಿಗೆ ನಡೆಯಲ್ಲ, ಹೊತ್ತೋಕೆ ಹೆಚ್ಚು ಬಿಸಿ ಬೇಕು. ಮತ್ತೆ, ಹಾರದೆ ಹೋದ ಕೋವಿಯ ಬಾಯನ್ನ ಒಂದು ನಿಮಿಷ ಗುರಿ ಕಡೆಗೇ ಹಿಡಿದಿರಿ. ಒಳಗೆ ಕೆಂಡ ಇರಬಹುದು.

ಅಪಲಾಚಿಯನ್ ಮಲೆನಾಡಿಗ:
ಬಟ್ಟಲು ತುಂಬ ಸುರೀತಿದ್ದೆ, ನಿಜ. ಎರಡು ಪ್ರಶ್ನೆ. ಊರಲ್ಲಿ ಕೇಪಿನ ಕೋವಿಗೆ ರಟ್ಟಿನ ಬದಲು ತೆಂಗಿನ ನಾರು ಜಡೀತಾರಲ್ಲ, ಇಲ್ಲೂ ಆಗುತ್ತಾ? ಮತ್ತೆ ಎಚ್-1ಬಿ ವೀಸಾದಲ್ಲಿರೋ ಗೆಳೆಯ ಇಂಥ ಕೋವಿ ಇಟ್ಟುಕೊಳ್ಳಬಹುದಾ?

ನಳಿಗೆ ನೋಟ:
ನಾರು ನಡೆಯುತ್ತೆ, ಇಲ್ಲಿನ ಹಳಬರೂ ಸೆಣಬಿನ ನಾರು ಜಡೀತಿದ್ದರು. ಆದರೆ ಪ್ರತಿ ಉಂಡೆಯ ಗಾತ್ರ ಬೇರೆ, ಹಾಗಾಗಿ ಪ್ರತಿ ಈಡಿನ ಹರಡುವಿಕೆಯೂ ಬೇರೆ. ಅಲ್ಲದೆ ನಾರು ಕೆಂಡವಾಗಿ ತರಗೆಲೆ ಮೇಲೆ ಬಿದ್ದು ಹೊಗೆಯಾಡುತ್ತೆ. ಅಕ್ಟೋಬರಿನ ಒಣ ಕಾಡಲ್ಲಿ ಬೇಡ.

ವೀಸಾ ವಿಷಯ: ಬಾಯಿಂದ ತುಂಬೋ ಚಕಮಕಿ ಕೋವಿ, ಹೊಸದಾಗಿ ಮಾಡಿದ ನಕಲಾದರೂ ಸರಿ, ಫೆಡರಲ್ ಕಾನೂನಲ್ಲಿ ಪುರಾತನ ಆಯುಧ. ವಲಸೆಯೇತರ ವೀಸಾದವರಿಗಿರೋ ಬಂದೂಕು ನಿಷೇಧ ಅದಕ್ಕೆ ತಾಗಲ್ಲ. ರಾಜ್ಯದ ಕಾನೂನು ಬೇರೆ ಇರಬಹುದು, ಅದನ್ನ ನೋಡಿಕೊಳ್ಳಲಿ. ಬೇಟೆ ಲೈಸೆನ್ಸ್ ಅಂತೂ ಬೇಕೇ ಬೇಕು, ಮೊದಲ ಸಲದವರಿಗೆ ತರಬೇತಿಯೂ. ಅಳಿಲಿಗೆ ಹೋಗುವಾಗ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಕಿತ್ತಳೆ ಬಣ್ಣ ಮೈಮೇಲಿರಲಿ. ಇದನ್ನ ಓದಿ ಊರಲ್ಲಿ ಯಾರೂ ಹೊರಡಬೇಡಿ, ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ.

ಕಲ್ಲು ಕಿಡಿ:
ಯಾರೂ ಕೇಳಿಲ್ಲ, ಆದರೂ. ಇಡೀ ದಿನ ಏನೂ ಸಿಗದೆ ಈಡು ಹಾಗೇ ಉಳಿದರೆ ಮೊದಲು ಬಟ್ಟಲ ಮದ್ದು ಚೆಲ್ಲಿ, ಮುಚ್ಚಳ ತೆರೆದಿಡಿ, ಕಲ್ಲಿಗೆ ತೊಗಲು ಕಟ್ಟಿ. ಆಮೇಲೆ ಗಜದ ತುದಿಗೆ ತಿರುಪು ಹಾಕಿ ಮೇಲಿನ ತೆಳು ರಟ್ಟು ಎಳೆದುಬಿಟ್ಟರೆ ಚರೆ ಅಂಗೈಗೆ ಸುರಿಯುತ್ತೆ. ಹಾಗೇ ಕೆಳಗಿನ ರಟ್ಟು, ಹಾಗೇ ಮದ್ದು. ಎಳೆಯುವಾಗ ಬಾಯಿ ಮುಖದ ಕಡೆ ಬೇಡ. ಗಜದ ಮೇಲೆ ಖಾಲಿ ನಳಿಗೆಗೊಂದು, ತುಂಬಿದ್ದಕ್ಕೊಂದು ಗೆರೆ ಕೊರೆದಿದ್ದರೆ ಒಳಗೆ ಏನಾದರೂ ಉಳಿದಿದೆಯಾ ಅಂತ ಅದನ್ನ ಇಳಿಸಿದ ಕೂಡಲೇ ಗೊತ್ತಾಗುತ್ತೆ. ಎರಡು ಈಡು ಒಂದರ ಮೇಲೊಂದು ಜಡಿದ ಕೋವಿ ಒಡೆಯೋದನ್ನ ತಪ್ಪಿಸೋದೂ ಅದೇ ಗೆರೆ.